ಸುಂಟಿಕೊಪ್ಪದಲ್ಲೊಂದು ಡೆನ್ಮಾರ್ಕ್

ಡೆನ್ಮಾರ್ಕ್ ಎಂಬ ದೇಶ ಎಲ್ಲಿದೆ ಎಂದು ನನ್ನ ಅಕ್ಕನಿಗೆ ತೋರಿಸಿಕೊಟ್ಟವನು ನಾನೇ. ಅವಳ ಅಡುಗೆಮನೆಯ ನೆಲದ ಮೇಲೆ, ಇದ್ದಿಲ ಚೂರಿನಿಂದ. ಅದರ ಫಲವನ್ನು ಈಗ ಉಣ್ಣುತ್ತಿದ್ದೇನೆ.

ಮೊದಲಿನಿಂದ ಹೇಳುತ್ತೇನೆ. ಸ್ವಾತಂತ್ರ್ಯ ಬಂದ ಮೇಲೂ ಬೇರೆ ರಾಜ್ಯವಾಗಿಯೇ ಉಳಿದಿರುವ ನಮ್ಮ ಕೊಡಗಿನಲ್ಲಿ ಈಗ ಇಬ್ಬರು ಸೇರಿದರೆ ಬರುವ ಮಾತು ಒಂದೇ. ಇಷ್ಟು ಚಿಕ್ಕ ರಾಜ್ಯ ತನ್ನ ಕಾಲ ಮೇಲೆ ತಾನು ನಿಲ್ಲಬಲ್ಲದೋ, ಇಲ್ಲ ಮೈಸೂರಿನೊಳಗೆ ಸೇರಿಬಿಡಬೇಕೋ? ಬಸ್ಸಿನಲ್ಲಿ ಅದೇ ಮಾತು, ಹೋಟೆಲಿನಲ್ಲಿ ಅದೇ ಮಾತು. ಕ್ಷೌರದಂಗಡಿಯಲ್ಲೂ ಅದೇ. (ಕತ್ತಿ ಕುತ್ತಿಗೆಯ ಮೇಲಿರುವಾಗ ನಾನು ಯಾವ ಪಕ್ಷವನ್ನೂ ಹಿಡಿಯುವುದಿಲ್ಲ.)

ಉಳಿದ ಹೊತ್ತಿನಲ್ಲಿ ನಾನು 'ನಿಲ್ಲಬಲ್ಲದು' ಎನ್ನುವ ಪಕ್ಷದವನು. ಮಡಿಕೇರಿಯಲ್ಲಿ ಮಕ್ಕಳಿಗೆ ಭೂಗೋಳ ಹೇಳಿಕೊಡುವ ಮೇಷ್ಟ್ರು ಮತ್ತೆಲ್ಲಿಂದ ಆಧಾರ ತಂದಾನು? ಮ್ಯಾಪಿನಿಂದಲೇ ತಂದೆ. ಭಾನುವಾರಗಳಂದು ಊರೂರಿನ ವಾಚನಾಲಯಗಳಿಗೆ ಹೋಗಿ ಡೆನ್ಮಾರ್ಕಿನ ಕಥೆ ಹೇಳತೊಡಗಿದೆ.

ಒಳ್ಳೆಯ ಕಥೆಯೇ ಅದು. ಪುಟ್ಟ ದೇಶ. ಚಿನ್ನವಿಲ್ಲ, ಕಲ್ಲಿದ್ದಲಿಲ್ಲ. ಹೋದ ಶತಮಾನದಲ್ಲಿ ಪಕ್ಕದ ದೊಡ್ಡವರ ಜೊತೆ ಯುದ್ಧಮಾಡಿ ಸೋತು, ನೆಲದಲ್ಲಿ ದೊಡ್ಡ ಪಾಲನ್ನು ಕಳೆದುಕೊಂಡಿತು. ಅದು ಸಾಲದು ಎಂಬಂತೆ ಅಮೆರಿಕದ ಅಗ್ಗದ ಗೋಧಿ ಹಡಗು ಹಡಗಾಗಿ ಬಂದಿಳಿಯಿತು. ಇವರ ಕಾಳನ್ನು ಕೇಳುವವರೇ ಇಲ್ಲ. ಆಗ ಆ ರೈತರು ಏನು ಮಾಡಿದರು? ಕಾಳು ಮಾರುವುದನ್ನು ಬಿಟ್ಟು ಹಸುಗಳಿಗೆ ತಿನ್ನಿಸಿದರು. ಊರಿನ ಹಾಲನ್ನೆಲ್ಲ ಒಂದೇ ಕಡೆ ಸೇರಿಸಿ ಬೆಣ್ಣೆ ತೆಗೆದರು. ಇಂಗ್ಲೆಂಡಿನವರ ಬ್ರೆಡ್ಡಿಗೆಲ್ಲ ಇವರದೇ ಬೆಣ್ಣೆ ಎನ್ನುವ ಹಾಗಾಯಿತು. ಸಂಘದಲ್ಲಿ ನೂರು ಹಸು ಇದ್ದವನಿಗೂ ಒಂದೇ ಓಟು, ಒಂದು ಹಸು ಇದ್ದವನಿಗೂ ಒಂದೇ ಓಟು.

ಇಷ್ಟು ಹೇಳಿ ಕೊನೆಗೆ ದನಿ ಏರಿಸಿ ಕೇಳುತ್ತಿದ್ದೆ. "ಚಿಕ್ಕದು ಎಂದ ಮಾತ್ರಕ್ಕೆ ಕೈಲಾಗದ್ದು ಎಂದವರು ಯಾರು?" ಚಪ್ಪಾಳೆ ಬೀಳುತ್ತಿತ್ತು. ಗೋಣಿಕೊಪ್ಪಲಿನಲ್ಲಿ ಒಬ್ಬರು ಎದ್ದು, "ಅಲ್ಲಿ ಏಲಕ್ಕಿ ಬೆಳೀತಾರಾ ಸಾರ್?" ಎಂದರು. ಇಲ್ಲ ಎಂದೆ. "ಹಾಗಾದ್ರೆ ನಾವೇ ವಾಸಿ" ಎಂದು ಕೂತರು.

ಮಳೆಗಾಲ ಮುಗಿದ ಮೇಲಿನ ಒಂದು ಭಾನುವಾರ ಸುಂಟಿಕೊಪ್ಪದಲ್ಲಿ ಲೆಕ್ಚರ್. ಹಿಂದಿನ ಬೆಂಚಿನಲ್ಲಿ ನನ್ನ ಅಕ್ಕ ಚೆನ್ನಮ್ಮ ಕೂತಿದ್ದಳು. ಪಕ್ಕದಲ್ಲಿ ಅವಳ ನೆರೆಮನೆಯ ಐಸಮ್ಮ.

ಅಕ್ಕನ ವಿಷಯ ಹೇಳಬೇಕು. ನಮ್ಮ ಅಜ್ಜ ಹಾಸನದ ಕಡೆಯಿಂದ ಬಂದು ಇಲ್ಲಿ ಬೇರೂರಿದವರು. ನನಗೆ ನಾಲ್ಕು ವರ್ಷವಾಗಿದ್ದಾಗ ಅಮ್ಮ ಹೋದಳು. ಆಮೇಲೆ ನನಗೆ ತಲೆ ಬಾಚಿದ್ದು, ಉಣ್ಣಿಸಿದ್ದು, ಬೈದದ್ದು ಎಲ್ಲ ಅಕ್ಕ. ಅವಳೂ ಆಗ ಎಷ್ಟು ದೊಡ್ಡವಳು? ಹನ್ನೊಂದು ವರ್ಷದ ಹುಡುಗಿ. ಭಾವ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಎರಡು ವರ್ಷದ ಹಿಂದೆ ಜ್ವರ ಬಂದು ತೀರಿಕೊಂಡರು. ಮಕ್ಕಳಿಲ್ಲ. ಸುಂಟಿಕೊಪ್ಪದ ಹೊರಗೆ, ರಸ್ತೆ ಬದಿಯ ಹೆಂಚಿನ ಮನೆಯಲ್ಲಿ ಎರಡು ಹಸು, ಒಂದು ತುಂಡು ಗದ್ದೆ ಇಟ್ಟುಕೊಂಡು ಅಕ್ಕ ಒಬ್ಬಳೇ ಇದ್ದಾಳೆ.

ನನಗಿದನ್ನು ಸಹಿಸಲಾಗುತ್ತಿರಲಿಲ್ಲ. ಮಡಿಕೇರಿಯ ನಮ್ಮ ಮನೆಯಲ್ಲಿ ಅವಳಿಗೆಂದು ಒಂದು ಕೋಣೆಗೆ ಸುಣ್ಣ ಹೊಡೆಸಿ, ಮಂಚ ಹಾಕಿಸಿ, ಬಾ ಬಾ ಎಂದು ಪ್ರಾಣ ತಿನ್ನುತ್ತಿದ್ದೆ. ಅವಳು ನಗುತ್ತಿದ್ದಳೇ ಹೊರತು ಹೂಂ ಅನ್ನುತ್ತಿರಲಿಲ್ಲ.

ಆವತ್ತೂ ಲೆಕ್ಚರ್ ಮುಗಿಸಿ ಅವಳ ಮನೆಗೆ ಕಾಫಿಗೆ ಹೋದವನು ಅದೇ ರಾಗ ತೆಗೆದೆ.

"ಒಬ್ಬಳೇ ಎಷ್ಟು ದಿನ ಅಂತ ಇರ್ತೀಯಕ್ಕ? ಎರಡು ಹಸು ಇಟ್ಕೊಂಡು ಬದುಕೋಕಾಗುತ್ತಾ? ನಮ್ಮ ಜೊತೆ ಬಂದು ಸೇರಿಬಿಡು."

ಅಕ್ಕ ಲೋಟಕ್ಕೆ ಬೆಲ್ಲದ ಕಾಫಿ ಬಗ್ಗಿಸುತ್ತ, "ಆ ದೇಶ ಎಲ್ಲೈತೆ ತೋರ್ಸು" ಎಂದಳು. ತೋರಿಸಿದೆ. ಬಗ್ಗಿ ನೋಡಿದಳು.

"ಇಷ್ಟೇ ಇಷ್ಟು ಐತಲ್ಲೋ! ಒಂದು ಹಸು ಇದ್ದೋರೂ ಹಾಲು ಹಾಕ್ತಾರೆ ಅಂದ್ಯಲ್ಲ, ನಿಜವಾ?"

"ನಿಜ."

"ಮತ್ತೆ ಆ ದೇಶ ನಿಂತ್ಕಂಡದೆ ಅಂತ ಅಷ್ಟು ಕೂಗಾಡ್ದೆ. ನಾನು ನಿಂತ್ಕಳಲ್ವಾ?"

ದೇಶದ ಮಾತೇ ಬೇರೆ, ಮನೆಯ ಮಾತೇ ಬೇರೆ ಎಂದು ಏನೋ ಗೊಣಗಿದೆ. ಅವಳು ಅಲ್ಲೇ ಒಪ್ಪಂದ ಮಾಡಿಬಿಟ್ಟಳು. "ಹುತ್ತರಿ ಹಬ್ಬ ಕಳೆಯೋವರೆಗೂ ಟೈಮ್ ಕೊಡು. ಅಷ್ಟರೊಳಗೆ ನನ್ ಕೈಲಾಗಲ್ಲ ಅಂತ ಆದ್ರೆ ಹಸು ಮಾರಿ ಬತ್ತೀನಿ. ಆಮೇಲೆ ನೀನು ಹೇಳ್ದಂಗೆ."

ಹದಿನೈದು ದಿನ ಕಳೆದಿರಬೇಕು. ಬಸ್ಸಿನ ಕಂಡಕ್ಟರ್ ಮಡಿಕೇರಿ ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡವನೇ, "ಏನ್ ಮೇಷ್ಟ್ರೇ, ನಿಮ್ಮಕ್ಕಾವ್ರು ಬೆಣ್ಣೆ ಸಂಘ ಮಾಡವ್ರಂತಲ್ಲ!" ಎಂದ.

ಮುಂದಿನ ಶನಿವಾರವೇ ಹೊರಟೆ. ನಿಜ, ಮಾಡಿದ್ದಳು. ಅಕ್ಕನಲ್ಲದೆ, ಐಸಮ್ಮನೂ ಸೇರಿ ಏಳು ಮನೆಯ ಹೆಂಗಸರು. ಒಬ್ಬೊಬ್ಬರದೂ ಒಂದೋ ಎರಡೋ ಹಸು. ಸುತ್ತಲಿನ ಎಸ್ಟೇಟ್ ಬಂಗಲೆಗಳಿಗೆ ದಿನಾ ತಾಜಾ ಬೆಣ್ಣೆ ಬೇಕು. ಒಂದೇ ಮನೆಯಿಂದ ಅದು ಆಗುವ ಮಾತಲ್ಲ, ಹಸು ಬತ್ತಿದರೆ ಬೆಣ್ಣೆಯೂ ನಿಂತುಹೋಗುತ್ತದೆ. ಏಳು ಮನೆ ಸೇರಿದರೆ ಒಂದು ಹಸು ಬತ್ತಿದಾಗ ಇನ್ನೊಂದು ಕರೆಯುತ್ತಿರುತ್ತದೆ. ಬೆಳಿಗ್ಗೆ ಎಲ್ಲರೂ ಹಾಲು ತಂದು ಅಕ್ಕನ ಮನೆಯಲ್ಲಿ ಸುರಿಯುವುದು, ಅಕ್ಕ ಕಾಯಿಸಿ ಹೆಪ್ಪು ಹಾಕುವುದು, ಮಾರನೆಯ ದಿನ ಕಡೆದು ಬಂಗಲೆಗಳಿಗೆ ಕಳಿಸುವುದು, ಬಂದದ್ದನ್ನು ಹಾಲಿನ ಅಳತೆಯಂತೆ ಹಂಚಿಕೊಳ್ಳುವುದು. ನನ್ನ ಎದೆ ಉಬ್ಬಿತು. ನನ್ನ ಲೆಕ್ಚರಿನಿಂದ ಯಾರಾದರೂ ಏನನ್ನಾದರೂ ಮಾಡಿದ್ದು ಅದೇ ಮೊದಲು!

ಉಬ್ಬಿದ ಎದೆ ಅಡುಗೆಮನೆಗೆ ಕಾಲಿಡುವವರೆಗೆ ಮಾತ್ರ. ಮೂಲೆಯಲ್ಲಿ ಬಾಳೆಗೊನೆ. ಪಕ್ಕದಲ್ಲಿ ಕೆಸುವಿನ ಗೆಡ್ಡೆ, ಸೌತೆಕಾಯಿ, ಬಾಳೆಹೂವು, ಸೊಪ್ಪಿನ ಕಂತೆಗಳು. ಒಬ್ಬಳೇ ಇರುವ ಮನೆಯಲ್ಲಿ ಮದುವೆಗಾಗುವಷ್ಟು ತರಕಾರಿ. ಅಕ್ಕಿಯ ಗುಡಾಣದಲ್ಲಿ ಇಣುಕಿದರೆ ತಳ ಕಾಣುತ್ತಿದೆ. ಹುತ್ತರಿಯ ಹೊಸ ಭತ್ತ ಬರಲು ಇನ್ನೂ ತಿಂಗಳ ಮೇಲಿತ್ತು.

"ಅಕ್ಕಿ ಏನಾಯ್ತಕ್ಕ?"

ಅಕ್ಕ ಮುಖ ತಿರುಗಿಸಿದಳು. ಬಾಯಿ ಬಿಡಿಸಲು ಎರಡು ಲೋಟ ಕಾಫಿ ಬೇಕಾಯಿತು.

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತೇ ಇದೆ. ನೆರೆಯವರ ಪಾತ್ರೆಯನ್ನು ಯಾರು ಬರಿದಾಗಿ ವಾಪಸು ಕೊಡುತ್ತಾರೆ? ಅದರಲ್ಲೂ ಹಾಲು ತಂದ ತಂಬಿಗೆಯನ್ನು? ಹಾಗಾಗಿ ಅಕ್ಕ ಮೊದಲ ದಿನವೇ ಏಳೂ ತಂಬಿಗೆಗೆ ಹಿಡಿ ಹಿಡಿ ಅಕ್ಕಿ ಹಾಕಿ ಕೊಟ್ಟಳು. ಅಕ್ಕಿ ತೆಗೆದುಕೊಂಡ ಮೇಲೆ ಮಾರನೆಯ ದಿನ ಬರೀ ಹಾಲು ತರಲು ಅವರಿಗೆ ಮನಸ್ಸು ಬಂದೀತೇ? ಐಸಮ್ಮ ಸೊಪ್ಪು ತಂದಳು. ಇನ್ನೊಬ್ಬಳು ಸೌತೆಕಾಯಿ. ಸೌತೆಕಾಯಿ ಕೊಟ್ಟವಳಿಗೆ ಹಿಡಿ ಅಕ್ಕಿ ಸಾಕೇ? ಅಕ್ಕ ಜೊತೆಗೊಂದು ಬೆಲ್ಲದ ಉಂಡೆ ಇಟ್ಟಳು. ಬೆಲ್ಲ ಕಂಡವರು ಬಾಳೆಗೊನೆ ಹೊತ್ತು ತಂದರು. ಹೀಗೆ ಮರ್ಯಾದೆಗೆ ಮರ್ಯಾದೆ ಏರುತ್ತ ಹೋಗಿ, ಬೆಣ್ಣೆಯಿಂದ ಬಂದದ್ದು ಬೆಲ್ಲಕ್ಕೆ ಹೋಯಿತು, ಅಕ್ಕಿ ತಳ ಕಂಡಿತು. ಐಸಮ್ಮನ ಹಿತ್ತಲಲ್ಲಿ ಕೀಳಲು ಸೊಪ್ಪೇ ಉಳಿದಿರಲಿಲ್ಲವಂತೆ.

"ಇದು ಬೆಣ್ಣೆ ಸಂಘವೋ, ಸೀಮಂತವೋ?" ಎಂದು ನಾನು ಜೋರಾಗಿ ನಕ್ಕೆ.

ಅಕ್ಕ ನಗಲಿಲ್ಲ. ಅವಳ ಮುಖ ನೋಡಿದ ಮೇಲೆ ನನ್ನ ನಗುವೂ ನಿಂತಿತು. ಇದು ಮುರಿದುಬಿದ್ದರೆ ಅವಳ ಹಸು ಹೋಗುತ್ತದೆ, ಮನೆಗೆ ಬೀಗ ಬೀಳುತ್ತದೆ. ಭಾವನ ಜೊತೆ ಇಪ್ಪತ್ತು ವರ್ಷ ಬಾಳಿದ ಮನೆ. ಇನ್ನೊಂದು ಸತ್ಯವನ್ನೂ ಬರೆದುಬಿಡುತ್ತೇನೆ, ನಾಚಿಕೆಯಾದರೂ ಸರಿ. ಆ ಖಾಲಿ ಗುಡಾಣ ನೋಡಿದಾಗ ನನ್ನೊಳಗೆ ಎಲ್ಲೋ ಸ್ವಲ್ಪ ಸಂತೋಷವೂ ಆಗಿತ್ತು. ಇನ್ನು ಅಕ್ಕ ನಮ್ಮ ಮನೆಗೆ ಬರುತ್ತಾಳೆ!

ಆದರೂ ಮೇಷ್ಟ್ರ ಬುದ್ಧಿ ಸುಮ್ಮನಿರಬೇಕಲ್ಲ. ರೂಲು ಮಾಡಿದೆ. ನಾಳೆಯಿಂದ ಯಾರೂ ಹಾಲು ಬಿಟ್ಟು ಬೇರೆ ಏನೂ ತರಕೂಡದು, ತಂಬಿಗೆ ಖಾಲಿಯೇ ವಾಪಸು ಹೋಗತಕ್ಕದ್ದು. ಏಳೂ ಮನೆಗೆ ನಾನೇ ಹೋಗಿ ಸಾರಿ ಬಂದೆ. ಎಲ್ಲರೂ "ಆಯ್ತು ಮೇಷ್ಟ್ರೇ" ಎಂದರು.

ಮಾರನೆಯ ಬೆಳಿಗ್ಗೆ ಮೊದಲು ಬಂದವಳು ಐಸಮ್ಮ. ಅಕ್ಕ ಹಾಲು ಸುರಿದುಕೊಂಡು, ತಂಬಿಗೆ ತೊಳೆದು, ಬಾಗಿಲ ಬಳಿ ತಂದಳು. ತಂದವಳು ಅಲ್ಲೇ ನಿಂತಳು. ಕೊಡಲು ಕೈ ಮುಂದೆ ಬರಲೊಲ್ಲದು.

"ಸಾರಮಿಲ್ಲ ಅಕ್ಕ, ಪರವಾಗಿಲ್ಲ, ಖಾಲಿಯೇ ಕೊಡಿ" ಎಂದಳು ಐಸಮ್ಮ, ತನ್ನ ಮಲೆಯಾಳ ಬೆರೆತ ಕನ್ನಡದಲ್ಲಿ. ಹೇಳಿದಳೇ ಹೊರತು ಅವಳೂ ಕೈ ಚಾಚಲಿಲ್ಲ. ಹೊಸ್ತಿಲ ಈಚೆ ಒಬ್ಬಳು, ಆಚೆ ಒಬ್ಬಳು, ನಡುವೆ ಒಂದು ಖಾಲಿ ತಂಬಿಗೆ. ಇಬ್ಬರ ಕಣ್ಣಲ್ಲೂ ನೀರು. ರೂಲು ಮಾಡಿದವನು ಬಚ್ಚಲಿಗೆ ಹೋಗಿ ಮುಖ ತೊಳೆಯುವ ನೆವದಲ್ಲಿ ಅಡಗಿಕೊಂಡೆ.

ಮಡಿಕೇರಿಗೆ ಬಂದವನು ಸ್ಕೂಲ್ ಲೈಬ್ರರಿಯ ಡೆನ್ಮಾರ್ಕಿನ ಪುಸ್ತಕವನ್ನು ಮತ್ತೆ ತೆರೆದೆ. ಅಲ್ಲಿನವರಿಗೆ ಈ ಪೇಚಾಟ ಬರಲೇ ಇಲ್ಲವೇ? ಓದುತ್ತ ಹೋದಂತೆ, ನಾನು ಲೆಕ್ಚರಿನಲ್ಲಿ ಏನೇನನ್ನು ಬಿಟ್ಟಿದ್ದೆ ಎಂಬುದು ಕಾಣತೊಡಗಿತು. ಒಬ್ಬನೇ ದೊಡ್ಡ ಗಿರಾಕಿಯನ್ನು ನಂಬಿದ್ದ ಆ ದೇಶ, ಮೂವತ್ತರ ದಶಕದಲ್ಲಿ ಇಂಗ್ಲೆಂಡ್ ಕೈ ಬಿಗಿಮಾಡಿದಾಗ ತತ್ತರಿಸಿಹೋಗಿತ್ತು. ಇದನ್ನು ನಾನು ಎಲ್ಲೂ ಹೇಳಿರಲಿಲ್ಲ. (ಹೇಳಿದ್ದರೆ ಚಪ್ಪಾಳೆ ಕಡಿಮೆಯಾಗುತ್ತಿತ್ತಲ್ಲ!) ಇನ್ನೊಂದು ಪುಟದಲ್ಲಿ ಹಾಲಿನ ಕ್ಯಾನುಗಳ ಮಾತಿತ್ತು. ಕೆನೆ ತೆಗೆದ ಮೇಲೆ ಉಳಿದ ತೆಳು ಹಾಲು ಅದೇ ಕ್ಯಾನುಗಳಲ್ಲಿ ರೈತರ ಮನೆಗೆ ವಾಪಸು ಹೋಗುತ್ತಿತ್ತಂತೆ. ಅದನ್ನು ಕುಡಿಸಿ ಹಂದಿ ಸಾಕಿದರು. ಬೆಣ್ಣೆಯ ಜೊತೆಗೆ ಹಂದಿಮಾಂಸವೂ ಇಂಗ್ಲೆಂಡಿಗೆ ಹೋಗಿ ದೇಶ ಇನ್ನಷ್ಟು ಮೇಲೆದ್ದಿತು.

ಅಂದರೆ ಅಲ್ಲಿಯೂ ಪಾತ್ರೆ ಖಾಲಿ ಹೋಗುತ್ತಿರಲಿಲ್ಲ! ಸಭೆಯಲ್ಲಿ ಹಂದಿಯ ಮಾತು ಯಾಕೆ ಎಂದು ಆ ಪುಟವನ್ನೇ ಹಾರಿಸಿದ್ದೆ. ಕೊಡಗಿನಲ್ಲಿ ನಿಂತು ಹಂದಿಯ ಮಾತಿಗೆ ಸಂಕೋಚಪಟ್ಟವನು ನಾನೊಬ್ಬನೇ ಇರಬೇಕು.

ಮುಂದಿನ ಶನಿವಾರ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಭಾನುವಾರ ಬೆಳಿಗ್ಗೆ ಪುಟ ಬಿಡಿಸಿ ಅಕ್ಕನಿಗೆ ತೋರಿಸಬೇಕು, ಅಷ್ಟರಲ್ಲಿ ಐಸಮ್ಮ ಬಂದಳು. ಅಕ್ಕ ಹಾಲು ಸುರಿದುಕೊಂಡಳು. ತಂಬಿಗೆ ತೊಳೆದಳು. ಆಗಷ್ಟೇ ಕಡೆದಿಟ್ಟ ಮಜ್ಜಿಗೆಯನ್ನು ಅದಕ್ಕೆ ಬಗ್ಗಿಸಿ, ಸರಾಗವಾಗಿ ಕೈಗೆ ಕೊಟ್ಟಳು. ಐಸಮ್ಮ ಸರಾಗವಾಗಿ ತೆಗೆದುಕೊಂಡು ಹೋದಳು.

ನಾನು ಪುಸ್ತಕ ಮುಚ್ಚಿದೆ.

"ಇದು ಯಾರು ಹೇಳಿಕೊಟ್ಟದ್ದಕ್ಕ?"

"ಯಾರು ಹೇಳ್ಕೊಡ್ಬೇಕೋ? ಮಜ್ಜಿಗೆ ಮಾರೋ ಹಂಗಿಲ್ಲ, ಚೆಲ್ಲೋ ಹಂಗಿಲ್ಲ. ದಾರೀಲಿ ಹೋಗೋರಿಗೆಲ್ಲ ಕೊಟ್ಟೂ ಮಿಗೋದು. ಅವ್ರದ್ನೇ ಅವ್ರಿಗೆ ಕೊಡೋದಾ ಅಂತ ನಂಗೇ ನಾಚ್ಕೆ ಆಗಿತ್ತು. ಆಮೇಲೆ ಅಂದ್ಕಂಡೆ, ಅವ್ರದೇ ಹಾಲು, ಅವ್ರದೇ ಮಜ್ಜಿಗೆ. ನಂದೇನೂ ಇಲ್ಲ ಅಂದ್ಮೇಲೆ ಅವ್ರು ತಿರ್ಗ ಏನ್ ತಂದುಕೊಡ್ಬೇಕು? ಪಾತ್ರೇನೂ ಖಾಲಿ ಹೋಗಲ್ಲ, ಯಾರಿಗೂ ಭಾರಾನೂ ಆಗಲ್ಲ."

ನಾನು ಭೂಗೋಳ ಕಲಿಸುವವನು. ಅಕ್ಕ ಮೂರನೇ ಕ್ಲಾಸು. (ಬೇರೆ ಬೇರೆ ಮನೆಯ ಮಜ್ಜಿಗೆ ಒಂದಾಗಿದೆ ಎಂದು ಮೂಗು ಮುರಿದವರು ಇರಲಿಲ್ಲವೇ? ಇದ್ದರು, ಒಬ್ಬರು. ಮೂರನೆಯ ದಿನ ಅವರೂ ತಂಬಿಗೆ ಚಾಚಿದರು.)

ಸುಮ್ಮನೆ ಸೋಲೊಪ್ಪಲು ಮನಸ್ಸಿಲ್ಲದೆ, "ಬಂಗಲೆಯ ದೊರೆಗಳು ಇಂಗ್ಲೆಂಡಿಗೆ ಹೊರಟುಬಿಟ್ಟರೆ ಬೆಣ್ಣೆ ಯಾರಿಗೆ ಮಾರ್ತೀಯ?" ಎಂದೆ. ನಾನು ಬಚ್ಚಿಟ್ಟಿದ್ದ ಮೂವತ್ತರ ದಶಕವನ್ನು ಈಗ ಹೊರತೆಗೆದಿದ್ದೆ!

"ಅದ್ಕೇ ಪ್ಯಾಟೆ ಹೋಟ್ಲಿಗೆ ತುಪ್ಪ ಒಪ್ಕಂಡಿವ್ನಿ" ಎಂದಳು.

ಹುತ್ತರಿ ಬಂತು, ಹೋಯಿತು. ಗುಡಾಣಕ್ಕೆ ಹೊಸ ಅಕ್ಕಿ ಬಂತು. ಹಸುಗಳು ಅಲ್ಲೇ ಇವೆ, ಒಂದು ಗಬ್ಬವಾಗಿದೆ. ಒಪ್ಪಂದದ ಪ್ರಕಾರ ಅಕ್ಕ ಗೆದ್ದಳು. ನಾನು ಸಂತೋಷಪಡಬೇಕಿತ್ತು. ಪಟ್ಟೆ ಕೂಡ. ಆದರೆ ಸುಳ್ಳು ಹೇಳಲಾರೆ, ನನಗೆ ದುಃಖವೂ ಆಯಿತು. ಕಳೆದ ವಾರ ಬಸ್ಸಿಗೆ ಕಾಯುತ್ತ ರಸ್ತೆ ಬದಿಯಲ್ಲಿ ನಿಂತಿದ್ದಾಗ ಅದನ್ನು ಬಾಯಿಬಿಟ್ಟು ಹೇಳಿಯೂಬಿಟ್ಟೆ.

"ನಿನ್ನನ್ನ ನೋಡ್ಕೋಬೇಕು ಅಂತ ನಂಗೆ ಎಷ್ಟು ಆಸೆ ಇತ್ತು ಗೊತ್ತಾ ಅಕ್ಕ? ನೀನು ನನ್ನನ್ನ ಸಾಕಿದ ಹಾಗೆ."

ಅಕ್ಕ ನನ್ನ ಕೋಟಿನ ಕಾಲರು ಸರಿಮಾಡಿದಳು. ನನಗೆ ಈಗ ಮೂವತ್ತೆಂಟು. ಅವಳಿಗದು ಎಂದೂ ಲೆಕ್ಕಕ್ಕಿಲ್ಲ.

"ಗೊತ್ತು ಕಣೋ. ನಿಂಗಲ್ದೆ ಇನ್ಯಾರಿಗೆ ಆಸೆ ಇರ್ತದೆ? ಆದ್ರೆ ಎರಡು ವರ್ಷದಿಂದ ನೀನು ಬಾ ಬಾ ಅಂದೆ. ಬರೋಕೆ ನಿಂಗೆ ಇಷ್ಟ ಐತಾ ಅಂತ ಒಂದ್ಸಲನಾದ್ರೂ ಕೇಳಿದ್ಯಾ?"

ಬಸ್ಸು ಬಂತು. ಹತ್ತಿ ಕೂತೆ.

ಕೊಡಗನ್ನು ಸೇರಿಸುವ ಮುಂಚೆ ಕೊಡಗಿನವರನ್ನು ಒಂದು ಮಾತು ಕೇಳಬೇಡವೇ ಎಂದು ದೆಹಲಿಗೆ ಮೂರು ಮೂರು ಅರ್ಜಿ ಬರೆದವನು, ಸ್ವಂತ ಅಕ್ಕನನ್ನು ಯಾಕೆ ಕೇಳಲಿಲ್ಲ?