ನಿಮ್ಮವ್ವನ ಹುಬ್ಬಿನ ನಡುವಿನ ಗೆರೆ

ಚಿನ್ನೂ, ಪುಟ್ಟಾ,

ಹೋದ ವಾರ ಚಿನ್ನು ತನ್ನ ಮೊಬೈಲಿನಲ್ಲಿ ಯಾವುದೋ ಹುಡುಗಿಯ ತುಟಿಗಳನ್ನು ನನಗೆ ತೋರಿಸಿದಳು. ತುಟಿ ದಪ್ಪಗಾಗಲು ಸೂಜಿ ಹಾಕಿಸುವ ಮೊದಲಿನ ಚಿತ್ರ ಒಂದು, ಹಾಕಿಸಿದ ನಂತರದ್ದು ಇನ್ನೊಂದು. "ಆಯಿ, ನಮ್ಮ ಕಾಲೇಜಿನ್ಯಾಗ ಇಬ್ಬರು ಮಾಡಿಸ್ಯಾರ. ಬಸ್, ಅರ್ಧಾ ಗಂಟೆ. ನಾನೂ ಹದಿನೆಂಟ್ ತುಂಬಿದ ಮ್ಯಾಲೆ..." ಎಂದು ಅಷ್ಟಕ್ಕೇ ಬಿಟ್ಟು ಈ ಅಜ್ಜಿಯ ಮುಖ ನೋಡಿದಳು. ನಾನು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ಬಿಡಿಸುತ್ತಲೇ ಇದ್ದೆ. ನನಗೆ ಆ ಕ್ಷಣಕ್ಕೆ ಮಾತು ಬರುವುದಿಲ್ಲ, ನಿಮಗೆ ಗೊತ್ತು. ಬರೆಯಲು ಕುಳಿತರೆ ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಇದು ನಿಮ್ಮವ್ವನ ಹಣೆಯ ವಿಷಯ. ಆಗ ಚಿನ್ನು ನಾಲ್ಕನೇ ಇಯತ್ತೆ. ಪುಟ್ಟ ಇನ್ನೂ ಗೋಡೆ ಹಿಡಿದು ನಡೆಯುತ್ತಿದ್ದ.

ನಿಮ್ಮವ್ವ ವಿಮಾನ ನಿಲ್ದಾಣದ ಕೌಂಟರಿನಲ್ಲಿ ನಿಂತು ಪ್ರಯಾಣಿಕರ ಬ್ಯಾಗು ತೂಗಿ ಚೀಟಿ ಕಟ್ಟುವ ಕೆಲಸ ಮಾಡುತ್ತಿದ್ದಳು. ಅವಳ ಎರಡು ಹುಬ್ಬುಗಳ ನಡುವೆ ಒಂದು ಗೆರೆ, ಉಗುರಿನಿಂದ ಒತ್ತಿ ಎಳೆದ ಹಾಗೆ. ಅದು ಯಾವ ವರ್ಷ ಬಂತೆಂದು ನನಗೆ ಗೊತ್ತು. ನಿಮ್ಮಜ್ಜ ಹಾಸಿಗೆ ಹಿಡಿದ ವರ್ಷ. ಗುಳಿಗೆಯ ಚೀಟಿ ಓದುವುದು, ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವುದು, ಡಾಕ್ಟರರ ಜೊತೆ ವಾದ ಮಾಡುವುದು, ಎಲ್ಲವನ್ನೂ ಸೊಸೆಯಾದ ಅವಳೇ ಮಾಡಿದಳು. ನಾನು ಸೆರಗು ಹಿಡಿದುಕೊಂಡು ಅವಳ ಹಿಂದೆ ನಿಂತಿರುತ್ತಿದ್ದೆ. ನಿಮ್ಮಜ್ಜ ಹೋದರು, ಗೆರೆ ಉಳಿಯಿತು.

ಒಂದು ದಿನ ಅವಳ ಮೇಲಧಿಕಾರಿ ಎಲ್ಲರೆದುರಿಗೆ, ನೀನು ಯಾವಾಗಲೂ ಸಿಟ್ಟಾದ ಹಾಗೆ ಕಾಣುತ್ತೀ, ಪ್ರಯಾಣಿಕರು ನಿನ್ನ ಸಾಲು ಬಿಟ್ಟು ಪಕ್ಕದ ಸಾಲಿಗೆ ಹೋಗುತ್ತಾರೆ ಎಂದನಂತೆ. ಮುಂದಿನ ಕೌಂಟರಿನಿಂದ ತೆಗೆದು ಒಳಗಿನ ಕೆಲಸಕ್ಕೆ ಹಾಕುವ ಮಾತೂ ಇತ್ತು. ಅಂದು ಮನೆಗೆ ಬಂದವಳು ಕೈಕಾಲು ತೊಳೆಯುವ ಮೊದಲೇ ಕನ್ನಡಿಯ ಮುಂದೆ ನಿಂತು ಆ ಗೆರೆಯನ್ನು ಎರಡು ಬೆರಳಿನಿಂದ ಹಿಗ್ಗಿಸಿ ನೋಡಿಕೊಂಡಳು.

ಅವಳ ಜೊತೆ ಕೆಲಸ ಮಾಡುವ ಮಂಗಳೂರಿನ ಗೆಳತಿ ಒಬ್ಬಳಿದ್ದಳು, ಬಾಯಿತುಂಬ ಮಾತಿನವಳು. ಭಾನುವಾರ ಮನೆಗೆ ಬಂದು, "ಅದಕ್ಕೆಲ್ಲ ಅಳುದೆಂಥದು ಮಾರಾಯ್ತಿ! ಎರಡು ಚುಚ್ಚು, ಗೆರೆ ಮಾಯ. ವಿಲೆ ಪಾರ್ಲೆಯಲ್ಲಿ ಒಂದು ಜಾಗ ಉಂಟು. ಇಬ್ಬರು ಒಟ್ಟಿಗೆ ಹೋದ್ರೆ ಅರ್ಧ ರೇಟು" ಎಂದಳು. ನನ್ನ ಕಡೆ ತಿರುಗಿ, "ಅಜ್ಜಿ, ನೀವೂ ಬನ್ನಿ. ಮೂವರಾದ್ರೆ ಇನ್ನೂ ಕಮ್ಮಿ ಮಾಡ್ತಾರೇನೋ" ಎಂದು ನಕ್ಕಳು.

ಅರ್ಧ ರೇಟು ಎಂದ ಕೂಡಲೇ ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಸಂಜೆಯ ಹೊತ್ತು ಟೊಮೇಟೊ ಅರ್ಧ ರೇಟಿಗೆ ಏಕೆ ಬರುತ್ತದೆಂದು ವಡಾಲದ ಮಾರ್ಕೆಟ್ಟಿನಲ್ಲಿ ಯಾರಾದರೂ ಹೇಳುತ್ತಾರೆ. ಮುಖಕ್ಕೆ ಚುಚ್ಚುವ ಔಷಧಿ ಹಾಗೆ ಏಕೆ ಬರುತ್ತದೆ? ಕೇಳಲಿಲ್ಲ. ಮುಂಬಯಿಗೆ ಬಂದು ನಲವತ್ತು ವರ್ಷವಾದರೂ ನಾನು ಪ್ಲಾಟ್‌ಫಾರ್ಮಿನಲ್ಲಿ ನಿಂತವರನ್ನು ಇದು ಯಾವ ಲೋಕಲ್ ಎಂದು ಕೇಳಿದವಳಲ್ಲ. ಬೋರ್ಡು ಅರ್ಥವಾಗದಿದ್ದರೆ ಆ ಗಾಡಿ ಬಿಟ್ಟು ಮುಂದಿನದಕ್ಕೆ ಕಾಯುವವಳು.

ಶನಿವಾರ ನಿಮ್ಮವ್ವನೇ, "ಅತ್ತಿ, ನೀವೂ ಬರ್ರಿ. ವಾಪಸ್ ಬರಾಕ ಜೋಡಿ ಬೇಕು" ಎಂದಳು. ಹೋದೆ.

ಗೆಳತಿ ಮೊದಲೇ ಬಂದು ಕಾದಿದ್ದಳು. ಸ್ಟೇಷನ್ನಿನ ಹತ್ತಿರವೇ, ಸೀರೆ ಅಂಗಡಿಯ ಮೇಲಿನ ಮಹಡಿ. ಗುಲಾಬಿ ಬಣ್ಣದ ಸೋಫಾ, ಊದಿನಕಡ್ಡಿಯ ವಾಸನೆ, ಅದರ ಕೆಳಗೆ ಕೂದಲಿಗೆ ಹಚ್ಚುವ ಬಣ್ಣದ ವಾಸನೆ. ಬಿಳಿ ಕೋಟು ತೊಟ್ಟ ಹೆಂಗಸು ಬಂದಳು. ಎಲ್ಲರೂ ಅವಳನ್ನು ಮೇಡಂ ಎಂದರು, ಡಾಕ್ಟರ್ ಎಂದು ಒಬ್ಬರೂ ಅನ್ನಲಿಲ್ಲ. ನಿಮ್ಮವ್ವನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ, "ಇಷ್ಟೇನಾ? ಐದು ನಿಮಿಷದ ಕೆಲಸ" ಎಂದು ಹಿಂದಿಯಲ್ಲಿ ಹೇಳಿದಳು. ನಿಮ್ಮವ್ವ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಥೈರಾಯ್ಡ್ ಗುಳಿಗೆ ನುಂಗುವವಳು. ಯಾವ ಗುಳಿಗೆ ತಗೊಳ್ಳುತ್ತೀ ಎಂದು ಕೇಳಲಿಲ್ಲ. ಬಸಿರಿದ್ದೀಯಾ ಎಂದೂ ಕೇಳಲಿಲ್ಲ. ಅಷ್ಟರಲ್ಲಿ ಒಬ್ಬಳು ಸ್ಟೀಲಿನ ತಟ್ಟೆಯೊಂದನ್ನು ಪರದೆಯ ಹಿಂದೆ ಒಯ್ದಳು. ಮುಚ್ಚಿದ ಬಟ್ಟೆಯ ಅಂಚಿನಿಂದ ಮೂರು ಸೂಜಿಗಳು ಕಂಡವು, ಮೊದಲೇ ಔಷಧಿ ತುಂಬಿಟ್ಟವು.

ನಿಮ್ಮಜ್ಜ ಬಂದರಿನ ಗೋದಾಮಿನಲ್ಲಿ ಪೆಟ್ಟಿಗೆಗಳ ಲೆಕ್ಕ ಹಿಡಿಯುತ್ತಿದ್ದವರು. ಸೀಲು ಒಡೆದು ಬಂದ ಪೆಟ್ಟಿಗೆಯನ್ನು ಅವರು ಬೇರೆ ಇಡಿಸುತ್ತಿದ್ದರು. ಒಳಗೆ ಎಲ್ಲ ಸರಿಯಾಗಿರಬಹುದು. ಆದರೂ ಬೇರೆ. ಮನೆಗೆ ತಂದ ತುಪ್ಪದ ಡಬ್ಬಿಯನ್ನೂ ಮೊದಲು ತಿರುಗಿಸಿ ನೋಡುತ್ತಿದ್ದರು. ಆ ಮೂರು ಸೂಜಿ ಕಂಡಾಗ ನನಗೆ ಅವರ ಕೈ ನೆನಪಾಯಿತು.

ಅಂದು ಬೇರೆ ಗಿರಾಕಿಗಳಿದ್ದುದರಿಂದ ಮುಂದಿನ ಶನಿವಾರ ಬನ್ನಿ ಎಂದರು. ಬಿಳಿ ಪೆನ್ಸಿಲಿನಿಂದ ಹಣೆ ಅಳೆಯಲು ನಿಮ್ಮವ್ವನನ್ನೂ ಗೆಳತಿಯನ್ನೂ ಒಳಗೆ ಕರೆದರು. ನಾನು ಸೋಫಾದ ಮೂಲೆಯಲ್ಲಿ ಒಬ್ಬಳೇ ಉಳಿದೆ. ಎದುರಿನ ಗೋಡೆಯ ತುಂಬ ಸರ್ಟಿಫಿಕೇಟಿನ ಗಾಜಿನ ಚೌಕಟ್ಟುಗಳು, ಎಲ್ಲವೂ ಇಂಗ್ಲಿಷ್.

ನಾನು ಊರ ಶಾಲೆಯಲ್ಲಿ ನಾಲ್ಕನೆಯವರೆಗೆ ಕಲಿತವಳು. ಇಂಗ್ಲಿಷ್ ಐದರಿಂದ ಶುರುವಾಗುತ್ತಿತ್ತು. ಆದರೆ ನಮ್ಮ ಮಾಸ್ತರರು ಒಂದನ್ನು ಚೆನ್ನಾಗಿ ಕಲಿಸಿದ್ದರು: ಕಂಡದ್ದನ್ನು ಕಂಡ ಹಾಗೆ ನಕಲು ಮಾಡುವುದು. ತಿಳಿಯದ ನದಿಗಳ ನಕಾಶೆಯನ್ನು ಒಂದೂ ತಿರುವು ತಪ್ಪದೆ ಬರೆದವಳು ನಾನು. ಚೀಲದಲ್ಲಿ ಚಕ್ಕುಲಿ ಸುತ್ತಿದ್ದ ಕ್ಯಾಲೆಂಡರ್ ಹಾಳೆ ಇತ್ತು, ಚಿನ್ನುವಿನ ಮೊಂಡು ಪೆನ್ಸಿಲೂ ಇತ್ತು. ಎಲ್ಲಕ್ಕಿಂತ ದೊಡ್ಡದಾದ, ಬಂಗಾರದ ಮುದ್ರೆಯ ಚೌಕಟ್ಟನ್ನು ಆರಿಸಿಕೊಂಡು, ರಂಗೋಲಿಯ ಎಳೆ ಎಳೆದ ಹಾಗೆ ಒಂದೊಂದೇ ಅಕ್ಷರವನ್ನು ಇಳಿಸಿಕೊಂಡೆ. ಕೂದಲಿಗೆ ಬಣ್ಣ ಹಚ್ಚುವವಳು ಒಮ್ಮೆ ನನ್ನನ್ನು ನೋಡಿದಳು. ಲೆಕ್ಕ ಬರೆಯುವ ಮುದುಕಿ ಎಂದುಕೊಂಡಿರಬೇಕು.

ಮನೆಗೆ ಬಂದು ಹಾಳೆಯನ್ನು ಚಿನ್ನುವಿನ ಮುಂದಿಟ್ಟೆ. ಚಿನ್ನೂ, ನಿನಗೆ ನೆನಪಿಲ್ಲದಿರಬಹುದು. ನೆಲದ ಮೇಲೆ ಬೋರಲು ಮಲಗಿ, ಬೆರಳಿಟ್ಟು ಓದಿದೆ.

"ಆಯಿ, 'ಟೂ ಡೇ' ಅಂತ ಐತಿ. ಎರಡ ದಿನದ ಕೋರ್ಸು. ಆಮ್ಯಾಲೆ... 'ಅಟೆಂಡೆಡ್'. ಹಾಜರ್ ಇದ್ಳು ಅಂತ."

"ಪಾಸಾದಳು ಅಂತ ಎಲ್ಲ್ಯಾರ ಐತೇನು ನೋಡವ್ವ."

"ನಹೀ ಆಯಿ. ಬರೀ ಹಾಜರ್."

ನಿಮ್ಮವ್ವ ಅಡುಗೆಮನೆಯಿಂದ ಬಂದು ಹಾಳೆ ಕಸಿದುಕೊಂಡು ಓದಿದಳು. ಕಿವಿ ಕೆಂಪಾದವು. "ಅತ್ತಿ, ನೀವೇನ್ ಪೊಲೀಸರೇನ್ರಿ? ಅಲ್ಲಿ ಆರು ಫ್ರೇಮ್ ಅದಾವು, ನೀವ್ ಬರಕೊಂಡ್ ಬಂದದ್ದು ಒಂದು. ಉಳಿದದ್ರಾಗ ಡಾಕ್ಟರ್ ಡಿಗ್ರಿ ಇದ್ರ?" ಎಂದಳು. ನಿಮ್ಮಪ್ಪ ಪೇಪರನ್ನು ಮುಖದ ತನಕ ಎತ್ತಿಕೊಂಡ. ಆಮೇಲೆ ಅವಳು ದನಿ ಇಳಿಸಿ ಇನ್ನೊಂದು ಮಾತು ಅಂದಳು: "ನಾ ಒಂದ್ ಸ್ವಲ್ಪ ಚೆಂದ ಕಂಡ್ರ ನಿಮಗ ಯಾಕ್ರೀ ಸಂಕಟ?"

ಆ ಮಾತು ನನ್ನನ್ನು ವಾರವಿಡೀ ಕೊರೆಯಿತು. ನಿಮ್ಮಜ್ಜ ಹೋದ ಮೇಲೆ ನಾನು ಬೈತಲೆ ತೆಗೆಯುವಷ್ಟು ಹೊತ್ತು ಬಿಟ್ಟರೆ ಕನ್ನಡಿ ನೋಡಿದವಳಲ್ಲ. ನನ್ನ ಅನುಮಾನ ಆ ಸೂಜಿಯ ಮೇಲೋ, ಅವಳ ಮುಖದ ಮೇಲೋ? ಅನ್ನಕ್ಕಿಡುವಾಗ, ಬಟ್ಟೆ ಒಣಹಾಕುವಾಗ ಇದನ್ನೇ ಕೇಳಿಕೊಂಡೆ. ಸೂಜಿಯ ಮೇಲೇ ಎಂದು ಗಟ್ಟಿಯಾಗಿ ಹೇಳಿಕೊಳ್ಳಲು ಆಗಲಿಲ್ಲ. ಹಾಗಾದರೆ ಸುಮ್ಮನಿದ್ದುಬಿಡಲೇ ಎಂದರೆ ಆ ಮೂರು ಸೂಜಿ ಕಣ್ಣ ಮುಂದೆ ಬರುತ್ತಿದ್ದವು.

ಮತ್ತೆ ಶನಿವಾರ ಬಂತು. ಬರ್ರಿ ಎಂದು ಅವಳು ಕರೆಯಲಿಲ್ಲ. ನಾನು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತೆ. ಅವಳು ಬೇಡ ಎನ್ನಲಿಲ್ಲ.

ಈ ಸಲ ಅವಳನ್ನು ಒರಗು ಕುರ್ಚಿಯಲ್ಲಿ ಮಲಗಿಸಿ, ಹಣೆ ಒರೆಸಿ, ಬಿಳಿ ಪೆನ್ಸಿಲಿನಿಂದ ಚುಕ್ಕಿ ಇಟ್ಟರು. ಪರದೆ ಅರ್ಧ ಸರಿದಿತ್ತು. ಗೆಳತಿ ನನ್ನ ಪಕ್ಕದಲ್ಲಿ ತನ್ನ ಸರದಿಗೆ ಕುಳಿತಿದ್ದಳು. ತಟ್ಟೆ ಬಂತು. ನಾನು ಎದ್ದು ನಿಂತದ್ದು ನನಗೆ ಗೊತ್ತು, ನಡೆದದ್ದು ಗೊತ್ತಿಲ್ಲ. ಪರದೆಯ ಹತ್ತಿರ ನನ್ನ ದನಿಯೇ ನನಗೆ ಕೇಳಿಸಿತು. ಮುರುಕು ಮರಾಠಿಯಲ್ಲಿ, "ಡಾಕ್ಟರ್ ಕೋಣ್?" ಎಂದಿದ್ದೆ. ಡಾಕ್ಟರ್ ಯಾರು?

ಮೇಡಂ ನಕ್ಕಳು. "ಆಜೀ, ಟೆನ್ಶನ್ ಘೇವೂ ನಕಾ", ಚಿಂತೆ ಮಾಡಬೇಡಿ ಎಂದು, ಗೋಡೆಯ ಒಂದು ಚೌಕಟ್ಟಿನ ಕಡೆ ಕೈ ತೋರಿಸಿದಳು. ನಿಮ್ಮವ್ವ ಮಲಗಿದಲ್ಲಿಂದಲೇ ಕತ್ತು ತಿರುಗಿಸಿ ಓದಿದಳು. "ಇದು ಗಂಡಸರ ಹೆಸರಲ್ಲವೇ?" ಎಂದು ಹಿಂದಿಯಲ್ಲಿ ಕೇಳಿದಳು.

"ಸರ್‌ದು. ನಮ್ಮ ಡಾಕ್ಟರ್ ಅವರೇ. ಅವರ ಉಸ್ತುವಾರಿಯಲ್ಲೇ ನಾನು ಮಾಡೋದು. ನನ್ನ ಕೈ ಪಳಗಿದೆ, ಹೆದರಬೇಡಿ."

ನಾನು ತಟ್ಟೆಯ ಕಡೆ ಬೆರಳು ಮಾಡಿ, "ಬಾಟಲಿ?" ಎಂದೆ. ಒಂದು ಬಾಟಲಿ ಮೂವರಿಗೆ ಬರುತ್ತದೆ, ಬೆಳಿಗ್ಗೆಯೇ ಒಡೆದು ತುಂಬಿದ್ದೇವೆ, ಅದಕ್ಕೇ ಅಲ್ಲವೇ ಆಜೀ ನಿಮಗೆ ಅರ್ಧ ರೇಟು ಎಂದಳು. ನಾನು ಎರಡು ವಾರದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಪ್ರಶ್ನೆಗೆ ಅವಳು ಎಷ್ಟು ಸಲೀಸಾಗಿ ಉತ್ತರ ಕೊಟ್ಟಳು!

ನಿಮ್ಮವ್ವ ಮೊಣಕೈ ಊರಿ ಎದ್ದಳು. "ನನ್ನ ಕಣ್ಣಿಗೆ ಏನಾದರೂ ಆದರೆ ಯಾರು ನೋಡ್ತಾರೆ?"

"ಏನೂ ಆಗಲ್ಲ."

"ಆದರೆ?"

"ಸರ್ ಗುರುವಾರ ಬರ್ತಾರಲ್ಲ."

ಅಂದು ಶನಿವಾರ. ನಿಮ್ಮವ್ವ ಕುರ್ಚಿಯಿಂದ ಇಳಿದು ಚಪ್ಪಲಿ ಹುಡುಕಿದಳು.

ಗೆಳತಿ ನಮ್ಮ ಜೊತೆ ಬರಲಿಲ್ಲ. "ಹೋಗಿ ಮಾರಾಯ್ರೆ, ನಾನಂತೂ ಮಾಡಿಸಿಕೊಂಡೇ ಬರುದು. ಅಜ್ಜಿ, ನಿಮ್ಮಿಂದ ನನ್ನ ಅರ್ಧ ರೇಟೂ ಹೋಯ್ತು!" ಎಂದಳು.

ಲೋಕಲಿನಲ್ಲಿ ನಮಗೆ ಎದುರುಬದುರು ಜಾಗ ಸಿಕ್ಕಿತು. ನಿಮ್ಮವ್ವ ಕಿಟಕಿಯ ಹೊರಗೆ ನೋಡುತ್ತಿದ್ದಳು. ಹುಬ್ಬಿನ ನಡುವೆ ಬಿಳಿ ಚುಕ್ಕಿಗಳು ಹಾಗೇ ಇದ್ದವು, ಎದುರಿಗೆ ಬಂದವರೆಲ್ಲ ನೋಡುತ್ತಿದ್ದರು. ಮಾಹಿಮ್ ದಾಟಿದ ಮೇಲೆ ನಾನು ಸೆರಗಿನ ತುದಿಯನ್ನು ಬಾಟಲಿಯ ನೀರಿನಲ್ಲಿ ಅದ್ದಿ ಅವಳ ಹಣೆ ಒರೆಸಿದೆ. ಅವಳು ಕಣ್ಣು ಮುಚ್ಚಿಕೊಂಡು ಒರೆಸಿಸಿಕೊಂಡಳು.

ಇಲ್ಲಿಗೆ ನಾನು ಗೆದ್ದೆ ಎಂದು ತಿಳಿಯಬೇಡಿ. ಗೆಳತಿಗೆ ಏನೂ ಆಗಲಿಲ್ಲ. ಹದಿನೈದು ದಿನಕ್ಕೆ ಅವಳ ಹಣೆ ಇಸ್ತ್ರಿ ಮಾಡಿದ ಬಟ್ಟೆಯ ಹಾಗಾಯಿತು. ನಿಮ್ಮವ್ವನನ್ನು ಮುಂದಿನ ಕೌಂಟರಿನಿಂದ ತೆಗೆದು, ಕಳೆದುಹೋದ ಬ್ಯಾಗುಗಳ ದೂರು ಕೇಳುವ ಮೇಜಿಗೆ ಹಾಕಿದರು. "ಅಲ್ಲಿಗೆ ಬರೋರ ಮಾರಿ ನನ್ನ ಮಾರಿಗಿಂತ ಸಿಟ್ಟಿರತೈತಿ, ಯಾರೂ ನನ್ನ ಗೆರಿ ನೋಡಂಗಿಲ್ಲ" ಎಂದು ಅವಳೇ ನಕ್ಕಳು. ನನಗೆ ನಗು ಬರಲಿಲ್ಲ. ಇದನ್ನು ನಾನೇ ಮಾಡಿದೆನೇ ಎಂದು ಎರಡು ತಿಂಗಳು ಅನ್ನ ರುಚಿಸಲಿಲ್ಲ.

ಆಮೇಲೆ ಅವಳೇ ನಮ್ಮ ಕಾಲನಿಯ ಲೇಡಿ ಡಾಕ್ಟರರನ್ನು ಕೇಳಿ ಒಬ್ಬರು ಚರ್ಮದ ಡಾಕ್ಟರರ ವಿಳಾಸ ತಂದಳು. ಚೀಟಿಯ ಮೇಲೆ ಹೆಸರಿನ ಕೆಳಗೆ ಒಂದು ನಂಬರಿತ್ತು. ಡಾಕ್ಟರರ ಸರ್ಕಾರಿ ಪಟ್ಟಿಯಲ್ಲಿ ಆ ನಂಬರು ಇದೆಯೇ ಎಂದು ಮೊಬೈಲಿನಲ್ಲಿ ನೋಡಲು ಹೇಳಿದೆ. ಹೆಸರೂ ನಂಬರೂ ಒಂದೇ ಸಾಲಿನಲ್ಲಿ ಸಿಕ್ಕವು. ಆದರೂ ನನ್ನ ಅನುಮಾನ ಹೋಗಲಿಲ್ಲ. ಚೀಲದಲ್ಲಿ ಪೆನ್ಸಿಲ್ ಇಟ್ಟುಕೊಂಡೇ ಹೋದೆ.

ಆ ಡಾಕ್ಟರು ಸೂಜಿಯ ಮಾತನ್ನೇ ಎತ್ತದೆ ಥೈರಾಯ್ಡಿನ ಗುಳಿಗೆಯ ತನಕ ಎಲ್ಲ ಕೇಳಿದರು. ರೆಪ್ಪೆ ಕೆಲವು ವಾರ ಜೋತುಬೀಳಬಹುದು, ಅಪರೂಪ, ಆದರೆ ಆಗುತ್ತದೆ, ಹಾಗಾದಲ್ಲಿ ನನಗೆ ಅವತ್ತೇ ಫೋನ್ ಮಾಡಿ ಎಂದರು. "ಇವತ್ತು ಮನೆಗೆ ಹೋಗಿ ಯೋಚನೆ ಮಾಡಿ" ಎಂದರು. ಬಂದ ಗಿರಾಕಿಯನ್ನು ಮನೆಗೆ ಕಳಿಸುವವರನ್ನು ನಾನು ಈ ಊರಿನಲ್ಲಿ ಮೊದಲ ಸಲ ಕಂಡದ್ದು. ಎರಡನೆಯ ಸಲ ಹೋದಾಗ ನಾನು ಬಾಯಿ ತೆರೆಯುವ ಮೊದಲೇ ನನ್ನ ಮುಖ ನೋಡಿ ನಕ್ಕು, ಸೀಲಿದ್ದ ಬಾಟಲಿಯನ್ನು ನನ್ನ ಕಡೆ ತಿರುಗಿಸಿ ಹಿಡಿದರು. ಅಕ್ಷರ ನನಗೆ ಬಾರದು, ಅಂಕಿ ಬರುತ್ತದೆ. ತಿಂಗಳು, ವರ್ಷ ನೋಡಿದೆ. ಇನ್ನೂ ದೂರವಿತ್ತು. ನಮ್ಮೆದುರೇ ಸೀಲು ಒಡೆದರು, ಬಾಟಲಿಯ ಚೀಟಿಯನ್ನು ಕಿತ್ತು ನಿಮ್ಮವ್ವನ ಫೈಲಿಗೆ ಅಂಟಿಸಿದರು.

ಗೆರೆ ಹೋಯಿತು. ನಾಲ್ಕು ತಿಂಗಳಿಗೆ ಮೆಲ್ಲಗೆ ತಿರುಗಿ ಬಂತು. ಅದನ್ನು ಮೊದಲು ಕಂಡವಳು ನಾನು. ಹೇಳಲು ನಾಚಿಕೆ, ಯಾರೋ ನಮ್ಮವರು ಮನೆಗೆ ಬಂದಷ್ಟು ಹಿತವಾಯಿತು. ಅವಳು ಇನ್ನೊಮ್ಮೆ ಹೋಗಿ ಮಾಡಿಸಿಕೊಂಡಳು, ಆಮೇಲೆ ಬಿಟ್ಟಳು. ಮುಂದಿನ ಕೌಂಟರಿಗೆ ಕರೆದಾಗಲೂ ಹೋಗದೆ ಬ್ಯಾಗಿನ ದೂರಿನ ಮೇಜಿನಲ್ಲೇ ಉಳಿದಳು. ಯಾಕೆಂದು ನಾನು ಕೇಳಿಲ್ಲ.

ಚಿನ್ನೂ, ನಿನ್ನ ತುಟಿ ನಿನ್ನದು. ಬೇಡ ಎನ್ನಲು ನಾನು ಯಾರು? ಆದರೆ ಹೋಗುವ ದಿನ ನನ್ನನ್ನು ಕರೆದುಕೊಂಡು ಹೋಗು. ಮೂಲೆಯಲ್ಲಿ ಕೂತಿರುತ್ತೇನೆ, ನಿನಗೆ ನಾಚಿಕೆಯಾಗದ ಹಾಗೆ. ಗೋಡೆಯ ಮೇಲಿನ ಹೆಸರು ಸೂಜಿ ಹಿಡಿದವರದೇ ಹೌದೋ, ಸೀಲು ನಿನ್ನ ಕಣ್ಣ ಮುಂದೆ ಒಡೆಯಿತೋ, ಕೆಟ್ಟರೆ ಮರುದಿನ ಬಾಗಿಲು ತೆರೆಯುವವರು ಯಾರು, ಇಷ್ಟು ಕೇಳುವ ತನಕ ಕುರ್ಚಿಯಲ್ಲಿ ಮಲಗಬೇಡ. ಕೇಳಲು ಬಾಯಿ ಬಾರದಿದ್ದರೆ ನನ್ನ ನೆನಪು ಮಾಡಿಕೋ. ನನಗೇ ಬಂತು.

ಆ ಕ್ಯಾಲೆಂಡರ್ ಹಾಳೆಯನ್ನು ಇದರ ಹಿಂದೆ ಪಿನ್ನು ಹಾಕಿ ಸೇರಿಸಿದ್ದೇನೆ. ಒಂದು ಮೂಲೆಯಲ್ಲಿ ಚಕ್ಕುಲಿಯ ಎಣ್ಣೆಯ ಕಲೆ ಇದೆ, ಅಕ್ಷರ ಅಳಿಸಿಲ್ಲ. ನನ್ನ ಟ್ರಂಕಿನಲ್ಲಿ ಹುಳ ಬೀಳುತ್ತದೆ. ಪುಟ್ಟಾ, ನಿನ್ನ ಹಳೆಯ ಪ್ಲಾಸ್ಟಿಕ್ ಫೈಲಿನಲ್ಲಿ ಎಲ್ಲ ಹಾಳೆಗಳನ್ನೂ ಹಾಕಿ, ನಿಮ್ಮವ್ವನ ಆಸ್ಪತ್ರೆ ಕಾಗದಗಳ ಜೊತೆ ಇಡು. ಮನೆ ಬದಲಿಸುವಾಗ ರದ್ದಿಯವನಿಗೆ ಹಾಕಬೇಡಿ.