ಒಂದೇ ಕಿಟಕಿಯ ಬಿಸಿಲು

ಕೊಟ್ಟೂರಿನ ಸೀನರಿ ಮರುಳಪ್ಪ ಹೋದ ಮಂಗಳವಾರ ಬೆಳಿಗ್ಗೆ ಮಾಗಳದಲ್ಲಿ, ರಾತ್ರಿಯ ನಾಟಕ ಮುಗಿದ ಮೇಲೆ, ಕೂತಲ್ಲೇ ತೀರಿಕೊಂಡ. ಅರವತ್ತೊಂದು ವರ್ಷವಾಗಿತ್ತು. ಮಧ್ಯಾಹ್ನ ಹಡಗಲಿ ಬಸ್ಸಿನ ಕಂಡಕ್ಟರು ಅಂಚೆ ಕಚೇರಿಯ ಕಿಂಡಿಯಲ್ಲಿ ಬಗ್ಗಿ ಗಾದಿಲಿಂಗಪ್ಪನಿಗೆ ಸುದ್ದಿ ಮುಟ್ಟಿಸಿದ. ಗಾದಿಲಿಂಗಪ್ಪ ಕೈಯಲ್ಲಿದ್ದ ರಿಜಿಸ್ಟರ್ ಕಾಗದಕ್ಕೆ ಮುದ್ರೆ ಒತ್ತಿ, ರಸೀದಿ ಹರಿದುಕೊಟ್ಟು, ಆಮೇಲೆ ಎದ್ದ. ಇಬ್ಬರದೂ ನಲವತ್ತು ವರ್ಷದ ಗೆಳೆತನ.

ಮರುಳಪ್ಪನ ಕಸುಬು ನಾಟಕಗಳಿಗೆ ಪರದೆ ಮತ್ತು ದೀಪ ಬಾಡಿಗೆಗೆ ಕೊಡುವುದು. ಹದಿನಾಲ್ಕನೇ ವಯಸ್ಸಿಗೆ ಊರಿಗೆ ಬಂದಿದ್ದ ನಾಟಕ ಕಂಪನಿಯ ಹಿಂದೆ ಹೋದವನು ಅಲ್ಲಿ ಪರದೆಯ ಹಗ್ಗ ಎಳೆದ, ಬಣ್ಣ ಅರೆದ, ಪರದೆ ಬರೆದ, ಕೊನೆಗೆ ದೀಪದ ಕೆಲಸ ಕಲಿತ. ಕಂಪನಿ ಮುಚ್ಚಿದ ಮೇಲೆ ಎರಡು ಟ್ರಂಕು, ಏಳು ಪರದೆ ತಂದು ಬಸ್‌ ಸ್ಟ್ಯಾಂಡಿನ ಹಿಂದೆ ಅಂಗಡಿ ಇಟ್ಟ. ಕೂಡ್ಲಿಗಿ, ಹರಪನಹಳ್ಳಿ, ಹಡಗಲಿ ಸೀಮೆಯಲ್ಲಿ ಎಲ್ಲಿ ನಾಟಕವಾದರೂ ಬಸ್ಸಿನ ಮೇಲೆ ಅವನ ಟ್ರಂಕು ಇರುತ್ತಿತ್ತು.

ಪರದೆ ಬೇರೆ ಕಡೆಯೂ ಸಿಗುತ್ತಿತ್ತು. ಬಿಸಿಲು ಮಾತ್ರ ಮರುಳಪ್ಪನ ಹತ್ತಿರವೇ ಇತ್ತು. ಅದಕ್ಕೆ ಬೇಕಾದದ್ದು ಎಣ್ಣೆ ಡಬ್ಬಿ ಕೊರೆದು ಒಳಗೆ ಕೂರಿಸಿದ ಒಂದು ಸಾವಿರ ಕ್ಯಾಂಡಲ್ಲಿನ ಬಲ್ಬು, ಅದರ ಮುಂದೆ ತೂರಿಸುವ ನಾಲ್ಕೈದು ಬಣ್ಣದ ಪಾರದರ್ಶಕ ಹಾಳೆ, ಮತ್ತು ಉಪ್ಪುನೀರು ತುಂಬಿದ ಒಂದು ಪಿಂಗಾಣಿ ಜಾಡಿ. ಜಾಡಿಯ ತಳದಲ್ಲಿ ಒಂದು ಸೀಸದ ಬಿಲ್ಲೆ, ಮೇಲೆ ದಾರಕ್ಕೆ ಕಟ್ಟಿದ ಇನ್ನೊಂದು. ಕರೆಂಟು ಆ ನೀರಿನ ಮೂಲಕವೇ ಬಲ್ಬಿಗೆ ಹೋಗಬೇಕು. ಮೇಲಿನ ಬಿಲ್ಲೆಯನ್ನು ಇಳಿಸುತ್ತಾ ಹೋದರೆ ಬೆಳಕು ಏರುತ್ತದೆ, ಎಳೆದರೆ ಇಳಿಯುತ್ತದೆ. ಒಣ ಹಲಗೆಯ ಮೇಲೆ ನಿಂತು ಅವನು ದಾರ ಬಿಡುತ್ತಿದ್ದರೆ ರಂಗದ ಮೇಲೆ ಬೆಳಗಾಗುತ್ತಿತ್ತು. ಕುಳಿತವರು ಹೊದಿಕೆ ಸರಿಸಿ ಮೈ ಮುರಿಯುತ್ತಿದ್ದರು.

ಹೆಂಡತಿ ದಾಕ್ಷಾಯಣಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು: “ಎಲ್ಲಾರ ಮನ್ಯಾಗ ಜಾಡ್ಯಾಗ ಉಪ್ಪಿನಕಾಯಿ ಇರ್ತೈತಿ. ನಮ್ಮ ಮನ್ಯಾಗ ಸೂರ್ಯ ಅದಾನ.”

ಎಂಬತ್ತಾರನೇ ಇಸವಿಯಲ್ಲಿ ಹರಪನಹಳ್ಳಿ ಕಡೆಯ ಅರಸೀಕೆರೆಯ ನಾಟಕದಲ್ಲಿ ಮರುಳಪ್ಪ ತಪ್ಪಿದ. ಬೆಳದಿಂಗಳಿಗೆ ನೀಲಿ ಹಾಳೆ ಹಾಕಬೇಕಾದವನು ಹಸಿರು ಹಾಕಿದ. ರಾಣಿಯ ಮುಖ, ಕೈ, ಸೀರೆ ಎಲ್ಲ ಹಸಿರಾಯಿತು. “ಏ ರಾಜಾ, ರಾಣಿನ್ನ ಬಿಟ್ಟು ಗಿಣಿ ಸಾಕೀಯೇನಲೇ” ಎಂದು ಜನ ಕೂಗಿದರು. ರಾಜ ಮಾತು ಮರೆತ. ಮರುಳಪ್ಪ ಹಾಳೆ ಬದಲಿಸಲು ಹೋಗಿ ಮತ್ತೆ ಹಸಿರನ್ನೇ ಹಾಕಿದ.

ಅವನ ಕಣ್ಣಿಗೆ ಪೊರೆ ಬಂದಿತ್ತು. ಅದು ಗೊತ್ತಿದ್ದವಳು ದಾಕ್ಷಾಯಣಮ್ಮ ಒಬ್ಬಳೇ. ಆಪರೇಷನ್ ಎಂದರೆ ಅವನು ಎದ್ದು ಹೋಗುತ್ತಿದ್ದ. ಅವನ ಚಿಕ್ಕಪ್ಪ ಒಬ್ಬ ಹಾಗೆ ಪೊರೆ ತೆಗೆಸಿಕೊಂಡು ಪೂರ್ತಿ ಕುರುಡನಾಗಿದ್ದ. ಪೊರೆ ಬಂದ ಕಣ್ಣಿಗೆ ಬೆಳಕಾದರೂ ಕಾಣುತ್ತದೆ, ಬೆಳಕು ಕಂಡರೆ ಕಸುಬು ನಡೆಯುತ್ತದೆ ಎಂದು ಅವನ ಲೆಕ್ಕ.

ಆದರೆ ಅರಸೀಕೆರೆಯ ಸುದ್ದಿ ತಂಬ್ರಹಳ್ಳಿಗೆ ಹೋಯಿತು. ಅಲ್ಲಿಯ ನಾಟಕ ಸಂಘಕ್ಕೆ ಅಜ್ಜಯ್ಯ ಎಂಬವರು ಹಿರಿಯರು. ಇಪ್ಪತ್ತು ವರ್ಷದಿಂದ ಮರುಳಪ್ಪನನ್ನೇ ಕರೆಸುತ್ತಿದ್ದವರು. ತಂಬ್ರಹಳ್ಳಿ ಬಿಟ್ಟರೆ ಉಳಿದ ಹಳ್ಳಿಗಳೂ ಬಿಡುತ್ತವೆ ಎಂಬುದು ಮರುಳಪ್ಪನಿಗೆ ಗೊತ್ತಿತ್ತು. ಒಂದು ಭಾನುವಾರ ಮುಂಜಾನೆ ಅಜ್ಜಯ್ಯ ಬಸ್ಸಿಳಿದು ಅಂಗಡಿಗೆ ಬಂದರು. ಗಾದಿಲಿಂಗಪ್ಪನೂ ಅಲ್ಲೇ ಇದ್ದ.

“ಮರುಳಪ್ಪ, ಸುತ್ತು ಬಳಸಿ ಮಾತಾಡಾಕ ನನಗ ಬರಂಗಿಲ್ಲ. ನಿನಗ ಕಣ್ಣು ಕಾಣ್ತಾವೋ ಇಲ್ಲೋ?”

“ಕಾಣ್ತಾವ್ರಿ.”

“ಮತ್ತ ಗಿಣಿ?”

“ಅದು ಹಾಳಿ ತಪ್ಪು. ಕಣ್ಣಿನ ತಪ್ಪಲ್ರಿ.”

ಅಜ್ಜಯ್ಯ ಹೊರಗೆ ನೋಡಿದರು. ಬೀದಿಯಲ್ಲಿ ಜನ ಲಗುಬಗೆಯಿಂದ ಹೋಗುತ್ತಿದ್ದರು. ಅದು ಟಿವಿಯಲ್ಲಿ ಗೂಢಚಾರರ ಧಾರಾವಾಹಿ ಬರುವ ಹೊತ್ತು. ಹಿಂದಿಯಲ್ಲಿ ಬರುತ್ತಿದ್ದ ಅದನ್ನು ಊರೆಲ್ಲ ಸಿಐಡಿ ನಾಟಕ ಎನ್ನುತ್ತಿತ್ತು. “ನಡೀರಿ, ಅದನ್ನಾರ ನೋಡೂಣ. ಮಾತು ಆಮ್ಯಾಲೆ” ಎಂದು ಅಜ್ಜಯ್ಯ ಎದ್ದರು.

ಟಿವಿ ಇದ್ದದ್ದು ಶೇಂಗಾ ವ್ಯಾಪಾರದ ಏಕಾಂತಪ್ಪನ ಅಂಗಡಿಯ ಪಡಸಾಲೆಯಲ್ಲಿ. ಚಿತ್ರ ಚೆನ್ನಾಗಿ ಕಾಣಲೆಂದು ಕಿಟಕಿಗಳಿಗೆ ಗೋಣಿಚೀಲ ಕಟ್ಟಿ ಕತ್ತಲೆ ಮಾಡಿದ್ದರು. ನಲವತ್ತು ಜನ ಕೂತಿದ್ದರು. ಗಾದಿಲಿಂಗಪ್ಪ ಎಂದಿನಂತೆ ಹೊಸ್ತಿಲ ಹೊರಗೆ ಕುಳಿತ. ಅವನ ಕೇರಿಯವರು ಕೂರುತ್ತಿದ್ದದ್ದು ಅಲ್ಲೇ. ಮರುಳಪ್ಪ ಅವನ ಮಗ್ಗುಲಿಗೆ ಕೂತ.

“ಮರುಳಪ್ಪ, ಒಳಗ ಬಾರಪ, ಜಾಗ ಐತಿ” ಎಂದ ಏಕಾಂತಪ್ಪ.

“ಇಲ್ಲೇ ಗಾಳಿ ಐತ್ರಿ.”

ಮರುಳಪ್ಪನಿಗೆ ಹಿಂದಿ ಬರುತ್ತಿರಲಿಲ್ಲ. ಹಿಂದಿ ಪರೀಕ್ಷೆ ಪಾಸಾಗಿದ್ದ ಗಾದಿಲಿಂಗಪ್ಪ ಕಿವಿಯಲ್ಲಿ ಕಥೆ ಹೇಳುತ್ತಾ ಹೋದ. ಆ ಭಾನುವಾರದ ಕಥೆ ಹೀಗಿತ್ತು. ಶತ್ರು ದೇಶದ ಒಬ್ಬ ಕರ್ನಲ್ ಸಿಕ್ಕಿಬಿದ್ದಿದ್ದಾನೆ. ಎಲ್ಲೋ ಒಂದು ಸೇತುವೆಗೆ ಮದ್ದು ಇಟ್ಟಿದ್ದಾರೆ. ಶುಕ್ರವಾರ ಅದು ಸಿಡಿಯಬೇಕು. ಯಾವ ಸೇತುವೆ ಎಂದು ಗೊತ್ತಿರುವವನು ಅವನೊಬ್ಬನೇ. ಹೊಡೆದರೂ ಬಾಯಿ ಬಿಡುತ್ತಿಲ್ಲ. ಅವನನ್ನು ಒಂದು ಕೋಣೆಯಲ್ಲಿ ಮಲಗಿಸಿದ್ದಾರೆ. ಕೋಣೆಗೆ ಸರಳು ಹಾಕಿದ ಒಂದೇ ಕಿಟಕಿ. ಬಿಸಿಲು ಬೀಳುತ್ತದೆ, ಆರುತ್ತದೆ, ಕತ್ತಲಾಗುತ್ತದೆ, ಮತ್ತೆ ಬಿಸಿಲು ಬೀಳುತ್ತದೆ. ಡಾಕ್ಟರು ಬಂದು ಸೂಜಿ ಹಾಕಿ ಹೋಗುತ್ತಾನೆ. ಬುಧವಾರ ಹೋಯಿತು, ಗುರುವಾರ ಹೋಯಿತು. ಕರ್ನಲ್ ನಗುತ್ತಾನೆ. ಸೇತುವೆ ಇನ್ನು ಉಳಿಯುವುದಿಲ್ಲ. ಪಡಸಾಲೆಯಲ್ಲಿ ಎಲ್ಲರೂ ಟಿವಿಯ ಕಡೆ ಬಾಗಿದ್ದರು.

“ಸುಳ್ಳದು” ಎಂದ ಮರುಳಪ್ಪ.

ಏಕಾಂತಪ್ಪ ತಿರುಗಿದ. “ಏನಪ ಸುಳ್ಳು?”

“ಆ ಬಿಸಿಲು. ದಿನಾನೂ ಕಳದಿಲ್ಲ, ಏನೂ ಇಲ್ಲ. ಯಾರೋ ದೀಪ ಇಟ್ಟಾರ.”

ಪಡಸಾಲೆ ನಕ್ಕಿತು. “ಮರುಳಪ್ಪ, ಎಲ್ಲಾ ಕಡಿ ನಿನ್ನ ಜಾಡಿ ಐತಿ ಅನ್ಕೊಂಡೀಯೇನು?” ಎಂದ ಏಕಾಂತಪ್ಪ. ಒಳಗಿನಿಂದ ಯಾರೋ “ಗಿಣಿ ಕಾಣ್ತೇನು ನೋಡು” ಎಂದರು.

ಮರುಳಪ್ಪ ದನಿ ಏರಿಸಲಿಲ್ಲ. “ಇರೂದು ಒಂದಾ ಕಿಡಕಿ. ಸಂಜಿ ಬಿಸಿಲೂ ಅದರಾಗಿಂದ ಬಂತು, ಮುಂಜಾನಿ ಬಿಸಿಲೂ ಅದರಾಗಿಂದನ ಬಂತು. ಮುಳುಗಿದ ಕಡಿಂದನ ಸೂರ್ಯ ಹುಟ್ಟಿದ್ದು ಎಲ್ಯಾರ ನೋಡೀರೇನು?”

“ಫಾರಿನ್ನಿನಾಗ ಹಂಗಾ ಹುಟ್ಟತಾನೇನೋ” ಎಂದ ಏಕಾಂತಪ್ಪ. ಮತ್ತೆ ನಗೆ.

ಅಜ್ಜಯ್ಯ ಮಾತ್ರ ನಗಲಿಲ್ಲ. ಮುಂದಿನ ಸಾಲಿನಿಂದ ಕುತ್ತಿಗೆ ತಿರುಗಿಸಿ ಹೊಸ್ತಿಲ ಕಡೆ ನೋಡಿದರು. “ಮರುಳಪ್ಪ, ಮುಂದ ಕುಂತ ನನಗ ಕಾಣಲ್ದದ್ದು ಅಲ್ಲಿ ಕುಂತ ನಿನಗ ಕಂಡೈತಿ ಅಂತೀ. ಆಗಲಿ. ಅದು ದೀಪ ಅಂತ ಬಂದ್ರ ತಂಬ್ರಹಳ್ಳಿ ನಾಟಕ ನಿಂದು. ಖರೆ ಬಿಸಿಲಾತಂದ್ರ ನಾನು ಬ್ಯಾರೆಯವರನ್ನ ನೋಡ್ಕೊಂತೀನಿ. ಎಲ್ಲಾರೂ ಕೇಳೀರಲ್ಲ.”

ಎಲ್ಲರೂ ಕೇಳಿದ್ದರು. ಗಾದಿಲಿಂಗಪ್ಪ ಕಥೆ ಹೇಳುವುದನ್ನು ನಿಲ್ಲಿಸಿದ. 

ಟಿವಿಯಲ್ಲಿ ಕರ್ನಲ್ ಹಾಸಿಗೆಯಿಂದ ಎದ್ದ. ಅವನಿಗೂ ಏನೋ ಅನುಮಾನ. ಕಿಟಕಿಯ ಹತ್ತಿರ ಹೋಗಿ ಬಿಸಿಲಿಗೆ ಕೈ ಒಡ್ಡಿದ. ಅಂಗೈ ತಿರುಗಿಸಿ ನೋಡಿದ. ಬೆಚ್ಚಗಿದ್ದಿರಬೇಕು, ಮುಖ ಸಡಿಲಾಯಿತು.

“ನೋಡಪ, ಕೈಗೆ ಬಿಸಿ ಹತ್ತೇತಿ” ಎಂದ ಏಕಾಂತಪ್ಪ.

“ನನ್ನ ದೀಪಕ್ಕ ಕೈ ಇಡ್ರಿ, ಬೊಬ್ಬಿ ಏಳ್ತೈತಿ” ಎಂದ ಮರುಳಪ್ಪ.

ಡಾಕ್ಟರು ಬಂದ. ಕೈಯಲ್ಲಿ ಶನಿವಾರದ ಪತ್ರಿಕೆ. ಎಲ್ಲ ಮುಗಿಯಿತು, ನೀವು ಗೆದ್ದಿರಿ ಎಂದ. ಕರ್ನಲ್ ಜೋರಾಗಿ ನಕ್ಕು, ಇನ್ನು ಮುಚ್ಚಿಟ್ಟು ಏನು ಉಪಯೋಗ ಎಂಬಂತೆ ಸೇತುವೆಯ ಹೆಸರು ಹೇಳಿಬಿಟ್ಟ. ಡಾಕ್ಟರು ನಿಧಾನವಾಗಿ ಗೋಡೆಯ ಬಳಿ ಹೋಗಿ ಮೂರು ಸಲ ತಟ್ಟಿದ. ಕಿಟಕಿಯ ಬಿಸಿಲು ಆರಿಹೋಯಿತು. ಗೋಡೆಯನ್ನು ಆಚೆಯಿಂದ ಇಬ್ಬರು ಎತ್ತಿಕೊಂಡು ಪಕ್ಕಕ್ಕೆ ಇಟ್ಟರು. ಅದರ ಹಿಂದೆ ದೊಡ್ಡದೊಂದು ಗೋದಾಮು, ಮರದ ಕಾಲಿನ ಮೇಲೆ ಒಂದೇ ಒಂದು ದೀಪ, ಅದರ ಪಕ್ಕ ಸ್ಟೂಲಿನ ಮೇಲೆ ಕೂತ ಒಬ್ಬ ಮನುಷ್ಯ. ಗೋದಾಮಿನ ಗಡಿಯಾರದ ಕೆಳಗೆ ತೂಗುಹಾಕಿದ ಹಲಗೆಯಲ್ಲಿ ಬುಧವಾರ ಎಂದಿತ್ತು.

 ಕರ್ನಲ್ಲನ ಗತಿ ಏನಾಯಿತೆಂದು ಯಾರೂ ನೋಡಲಿಲ್ಲ. ನಲವತ್ತು ಜನವೂ ಟಿವಿಗೆ ಬೆನ್ನು ಮಾಡಿ ಹೊಸ್ತಿಲ ಹೊರಗೆ ಕೂತವನನ್ನು ನೋಡುತ್ತಿದ್ದರು. ಮಗ್ಗುಲಲ್ಲೇ ಕೂತ ಗಾದಿಲಿಂಗಪ್ಪನಿಗೂ ಅವನು ಯಾರೋ ಹೊಸಬನಂತೆ ಕಂಡ. ಇಷ್ಟು ವರ್ಷ ಇವನ ಬೀಡಿ ಸೇದಿ, ಇವನ ಜೊತೆ ಜಗಳ ಕಾದು, ಇವನೊಳಗೆ ಇದು ಇದ್ದದ್ದು ತನಗೆ ಗೊತ್ತೇ ಇರಲಿಲ್ಲ ಎನಿಸಿತು.

ಏಕಾಂತಪ್ಪ ಎದ್ದು ಬಂದು, ಹೊಸ್ತಿಲು ದಾಟಿ, ಇಬ್ಬರ ಕೈಗೂ ಚಹಾ ಕೊಟ್ಟ. “ತಪ್ಪಾತು ಮಾರಾಯ” ಎಂದ.

ಮರುಳಪ್ಪನಿಗೆ ಅದರ ಕಡೆ ಗಮನವಿರಲಿಲ್ಲ. “ಗಾದಿ, ಹೆಸರು ಬರಾಕತ್ತಾವೇನು? ದೀಪದಾವ ಯಾರು ಓದು” ಎಂದು ಗೆಳೆಯನ ತೋಳು ಹಿಡಿದು ಕೇಳಿದ. ಹೆಸರುಗಳು ಬೇಗ ಬೇಗ ಮೇಲೆ ಹೋದವು. ಗಾದಿಲಿಂಗಪ್ಪ ಎದ್ದು ನಿಂತು ಓದಿದರೂ ನಾಲ್ಕೈದು ಹೆಸರು ಮಾತ್ರ ದಕ್ಕಿದವು. ದೀಪದವನದು ಅದರಲ್ಲಿ ಇರಲಿಲ್ಲ.

“ಅವನ ಕಡಿ ಒಂದಾ ದೀಪ ಇತ್ತು ನೋಡು, ನನ್ನಂಗ” ಎಂದ ಮರುಳಪ್ಪ. “ಎರಡು ಇದ್ದಿದ್ರ ಎದುರಿಗೆ ಇನ್ನೊಂದು ಕಿಡಕಿ ಇಡ್ತಿದ್ದ, ಆ ತಪ್ಪು ಮಾಡ್ತಿರಲಿಲ್ಲ. ಆದ್ರೂ ಎಷ್ಟು ಚಂದ ಇಳಿಸಿದ. ಕೈ ಅಂದ್ರ ಕೈ.”

ಅಜ್ಜಯ್ಯ ಮಾತು ಉಳಿಸಿಕೊಂಡು, ದಿನ ಗೊತ್ತುಮಾಡಿ ಬಸ್ಸು ಹತ್ತಿದರು. ಗೆಳೆಯರಿಬ್ಬರೂ ಮನೆಯ ಕಡೆ ನಡೆದರು. ಬೀದಿಯ ತುಂಬ ಹನ್ನೊಂದು ಗಂಟೆಯ ಬಿಸಿಲು.

“ನಾವೆಲ್ಲಾ ಕಣ್ಣು ಬಿಟ್ಕೊಂಡು ಕುಂತಿದ್ವಿ. ನಿನಗ ಒಬ್ಬನಿಗೆ ಹೆಂಗ ಕಂಡಿತಲೇ?” ಎಂದು ಗಾದಿಲಿಂಗಪ್ಪ ಕೇಳಿದ.

ಮರುಳಪ್ಪ ಗೆಳೆಯನ ಹೆಗಲ ಮೇಲೆ ಕೈ ಇಟ್ಟ. “ನನಗ ಒಬ್ಬರ ಮಾರೀನೂ ಕಾಣಲಿಲ್ಲಲೇ. ಕರ್ನಲ್ ಯಾರು, ಡಾಕ್ಟರ್ ಯಾರು, ಒಂದೂ ಗೊತ್ತಾಗಲಿಲ್ಲ. ಬೆಳ್ಳಗ ಒಂದು ತುಂಡು ಬೆಳಕು, ಅದು ಎಲ್ಲಿ ಬಿತ್ತು, ಎಲ್ಲಿ ಹೋತು, ಅಷ್ಟಾ. ಬ್ಯಾರೆ ಏನೂ ಕಾಣಲ್ದಕ್ಕ ಅದನ್ನಾ ನೋಡಿದೆ.”

ಗಾದಿಲಿಂಗಪ್ಪ ನಿಂತ. ಏಕಾಂತಪ್ಪನ ಪಡಸಾಲೆಯಲ್ಲಿ ಕಂಡದ್ದಕ್ಕಿಂತ ಇದು ದೊಡ್ಡದಾಗಿತ್ತು. 

“ಎಷ್ಟು ದಿನಾತು?”

“ಎರಡು ವರ್ಷ.”

“ತಂಬ್ರಹಳ್ಳ್ಯಾಗ ಮತ್ತ ರಾಣಿ ಗಿಣಿ ಆದ್ರ?”

 ಕಣ್ಣಿದೆ ಎಂದು ತಿಳಿದು ಅಜ್ಜಯ್ಯ ನಾಟಕ ಒಪ್ಪಿಸಿದ್ದರು. ಅದೇ ಮರುಳಪ್ಪನನ್ನು ಕೊರೆಯುತ್ತಿತ್ತು. ಮೂರನೆಯ ದಿನ ಯಾರ ಮಾತೂ ಕೇಳದೆ ತಂಬ್ರಹಳ್ಳಿ ಬಸ್ಸು ಹತ್ತಿದ. ಗಾದಿಲಿಂಗಪ್ಪ ರಜೆ ಹಾಕಿ ಜೊತೆಗೆ ಹೋದ. ಅಜ್ಜಯ್ಯ ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದರು. ಮರುಳಪ್ಪ ನಿಂತಲ್ಲೇ ಇದ್ದದ್ದನ್ನೆಲ್ಲ ಹೇಳಿಬಿಟ್ಟ.

ಅಜ್ಜಯ್ಯ ತಂಬಿಗೆ ಕೆಳಗಿಟ್ಟರು.  “ಕಣ್ಣಿಲ್ದ ಅಷ್ಟು ಕಂಡೀ. ಕಣ್ಣು ಬಂದ ಮ್ಯಾಲೆ ಏನು ಮಾಡ್ತೀಯೋ ನಾನೂ ನೋಡಬೇಕು. ನಾಟಕ ಎರಡು ತಿಂಗಳು ಮುಂದ ಹಾಕ್ತೀವಿ. ಹರಪನಹಳ್ಳ್ಯಾಗ ಕಣ್ಣಿನ ಶಿಬಿರ ಐತಂತ, ಹೋಗಿ ಪೊರಿ ತೆಗಿಸ್ಕೊಂಡು ಬಾ” ಎಂದರು.

ಒಬ್ಬ ದೀಪದವನಿಗಾಗಿ ಒಂದು ಊರು ನಾಟಕ ನಿಲ್ಲಿಸಿದ್ದನ್ನು ಗಾದಿಲಿಂಗಪ್ಪ ಅಲ್ಲಿಯವರೆಗೆ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಚಿಕ್ಕಪ್ಪನ ಹೆದರಿಕೆ ಮರುಳಪ್ಪನನ್ನು ಬಿಟ್ಟಿರಲಿಲ್ಲ. ಊರೊಂದು ಕಾದು ಕುಳಿತಿದ್ದರಿಂದ ಹೋದ. ಪಟ್ಟಿ ಬಿಚ್ಚಿ, ದಪ್ಪ ಗಾಜಿನ ಕನ್ನಡಕ ಹಾಕಿದಾಗ ಎದುರಿಗಿದ್ದದ್ದು ಗಾದಿಲಿಂಗಪ್ಪ. “ಎರಡು ವರ್ಷದಾಗ ಇಷ್ಟು ಮುದುಕ ಆಗೀಯೇನಲೇ” ಎಂದ ಮರುಳಪ್ಪ.

ಮುಂದಿನ ಭಾನುವಾರ ಏಕಾಂತಪ್ಪನ ಪಡಸಾಲೆಯಲ್ಲಿ ಎಲ್ಲರೂ ಅವನನ್ನೇ ಕೇಳಿದರು: “ಏನ್ ಮರುಳಪ್ಪ, ಇವತ್ತೇನು ಸುಳ್ಳೈತಿ?” ಅವನು ಕಥೆಯಲ್ಲಿ ಮುಳುಗಿ ಬೆಳಕನ್ನು ನೋಡಲು ಮರೆತಿದ್ದ. “ಸುಮ್ನ ಕುಂದರ್ರಿ, ಆಕಿ ಸಾಯ್ತಾಳೋ ಏನೋ” ಎಂದ.

ತಂಬ್ರಹಳ್ಳಿಯಲ್ಲಿ ಅವನು ತೋರಿಸಿದ ಬೆಳಗನ್ನು ನೋಡಿದವರು ಇಂದಿಗೂ ಹೇಳುತ್ತಾರೆ. ಆಮೇಲೆ ಮೂರು ವರ್ಷ ಅವನ ಟ್ರಂಕು ಬಸ್ಸಿನಿಂದ ಕೆಳಗಿಳಿಯಲಿಲ್ಲ.

ಕೊನೆಯ ನಾಟಕ ಮಾಗಳದ್ದು, ಹೋದ ಸೋಮವಾರ ರಾತ್ರಿ, ತುಂಗಭದ್ರೆಯ ದಡದ ಬಯಲಿನಲ್ಲಿ. ಗಾದಿಲಿಂಗಪ್ಪ ಅಲ್ಲಿರಲಿಲ್ಲ. ಅಲ್ಲಿದ್ದವರು ಅವನಿಗೆ ಹೇಳಿದ್ದು ಇಷ್ಟು. ನಾಟಕದ ಕೊನೆಯ ದೃಶ್ಯ ಬೆಳಗಿನದು. ಮರುಳಪ್ಪ ಹಲಗೆಯ ಮೇಲೆ ನಿಂತು ದಾರ ಬಿಟ್ಟ, ರಂಗದ ಮೇಲೆ ಬೆಳಗಾಯಿತು. ಜನರ ಒತ್ತಾಯಕ್ಕೆ ನಾಯಕ ಒಂದು ಹಾಡನ್ನು ಎರಡು ಸಲ ಹೇಳಿದ. ಅಷ್ಟರಲ್ಲಿ ಊರ ಕಡೆ ಮೂಡಲು ಬೆಳ್ಳಗಾಯಿತು. ಮರುಳಪ್ಪ ಒಮ್ಮೆ ಆ ಕಡೆ ನೋಡಿದ. ಆಮೇಲೆ ದಾರವನ್ನು ಎಳ್ಳಷ್ಟು ಎಳ್ಳಷ್ಟೇ ಮೇಲಕ್ಕೆ ಎಳೆಯತೊಡಗಿದ. ಹೊರಗಿನ ಬೆಳಕು ಎಷ್ಟು ಏರಿತೋ ಅಷ್ಟು ತನ್ನದನ್ನು ಇಳಿಸಿದ. ನಾಯಕನ ಮುಖದ ಮೇಲಿನ ಬಿಸಿಲು ಎಲ್ಲೂ ಕದಲಲಿಲ್ಲ. ಅದು ಯಾವಾಗ ದೀಪದ್ದು, ಯಾವಾಗ ಸೂರ್ಯನದು ಎಂದು ಮುಂದೆ ಕೂತ ಸಾವಿರ ಜನರಲ್ಲಿ ಒಬ್ಬರಿಗೂ ತಿಳಿಯಲಿಲ್ಲ. ಮಂಗಳ ಹಾಡಿದರು. ಮರುಳಪ್ಪ ಬಿಲ್ಲೆಯನ್ನು ನೀರಿನಿಂದ ಪೂರ್ತಿ ಎತ್ತಿ, ಸ್ವಿಚ್ಚು ಆರಿಸಿ, ಡಬ್ಬಿಗೆ ಅಂಗೈ ಒಡ್ಡಿ ಬಿಸಿ ಇಳಿಯಲೆಂದು ಕಾದ. ಆಮೇಲೆ ಕೇಸರಿ ಹಾಳೆಯನ್ನು ಮೆಲ್ಲಗೆ ಹೊರಗೆಳೆದು, ಧೋತರದ ಚುಂಗಿನಿಂದ ಧೂಳು ಒರೆಸಿ, ಹಳೆಯ ಪತ್ರಿಕೆಯೊಳಗೆ ಇಟ್ಟು ಮಡಚಿದ.