ಮೀನಿನ ಐಸಿನಲ್ಲಿ ಬಂದ ಹಾಲು

ಮಗ ಏಳನೇ ತಿಂಗಳಿಗೇ ಹುಟ್ಟಿದ್ದ. ಅವನು ಕಂಕನಾಡಿಯ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ, ಹೊಲಿಗೆ ಇನ್ನೂ ಒಣಗದ ಹೆಂಡತಿ ಬೆಂಗ್ರೆಯ ತವರಿನಲ್ಲಿ. ನಡುವೆ ಹೊಳೆ. ಅವಳು ಹಿಂಡಿಕೊಟ್ಟ ಹಾಲನ್ನು ಫೆರಿಯಲ್ಲಿ ದಾಟಿಸುವುದು ನನ್ನ ಕೆಲಸ.

ಒಮ್ಮೆ ಮಗುವಿನ ಹೊಟ್ಟೆ ಉಬ್ಬಿ ಎರಡು ದಿನ ಹಾಲು ನಿಲ್ಲಿಸಿದ್ದರು. ಇಂಥ ಮಕ್ಕಳ ಕರುಳು ಬಲಿತಿರುವುದಿಲ್ಲ, ತಾಯಿಹಾಲಿನ ಜೊತೆ ಒಳ್ಳೆಯ ಬ್ಯಾಕ್ಟೀರಿಯಾ ಹೋಗಿ ಅಲ್ಲಿ ನೆಲೆಯಾಗಬೇಕು, ಕೆಟ್ಟವು ಮೊದಲು ಹೊಕ್ಕರೆ ಕರುಳೇ ಕೊಳೆಯಬಹುದು ಎಂದಿದ್ದರು ಡಾಕ್ಟರು. ಮೂರನೇ ದಿನ ಬೆಳಿಗ್ಗೆ ಮತ್ತೆ ಶುರು ಮಾಡುವುದಿತ್ತು. ಒಂದೇ ಎಂಎಲ್, ಮೂಗಿನ ನಳಿಕೆಯಲ್ಲಿ.

ಬೆಂಗ್ರೆಯಲ್ಲಿ ಕರೆಂಟು ಹೋಗಿ, ಹಾಲು ತಣ್ಣಗಿಡಲು ಆಸ್ಪತ್ರೆಯವರು ಕೊಟ್ಟ ಜೆಲ್ ಪ್ಯಾಕ್ ಗಟ್ಟಿಯಾಗಿರಲಿಲ್ಲ. ಮಾವ ಮೀನಿನ ಬೋಟಿನಿಂದ ಪುಡಿ ಐಸು ತಂದು ಹಾಲಿನ ಬಾಟಲಿಯಿದ್ದ ಡಬ್ಬಿಗೆ ತುಂಬಿದರು. ನಾನು ಅನುಮಾನಿಸಿದೆ.

"ಇದರಲ್ಲಿ ಬಂಗುಡೆ ಕೊಚ್ಚಿವರೆಗೆ ಹೋಗ್ತದೆ ಮಾರಾಯ್ರೆ. ನಿಮ್ಮ ಎರಡು ಚಮಚ ಹಾಲು ಹೊಳೆ ದಾಟುದಿಲ್ವಾ?" ಎಂದರು ಮಾವ.

ಬಿ.ಎಸ್ಸಿ.ಯಲ್ಲಿ ಸೂಕ್ಷ್ಮಜೀವಿಗಳ ಬಗ್ಗೆ ಓದಿದವನು ನಾನು. ಆದರೂ ಡಬ್ಬಿ ಮುಚ್ಚಿದೆ.

ಫೆರಿಯಲ್ಲಿ ಬುಟ್ಟಿಗಳ ನಡುವೆ ಕಾಲು ಅಲುಗಿಸಲೂ ಜಾಗವಿರಲಿಲ್ಲ. ನಡುಹೊಳೆಯಲ್ಲಿ ಡಬ್ಬಿ ತೆರೆದರೆ ಐಸು ಕರಗಿ, ಹಾಲಿನ ಪುಟ್ಟ ಬಾಟಲಿ ವಾಲಿ ಕುತ್ತಿಗೆವರೆಗೆ ಮುಳುಗಿತ್ತು. ಬಾಟಲಿಯ ಮುಚ್ಚಳದ ಅಂಚಿಗೆ ಒಂದು ಮೀನಿನ ಹುರುಪೆ ಅಂಟಿತ್ತು. ನೀರು ಒಳಗಿಳಿದಿದೆಯೋ ಇಲ್ಲವೋ, ನೋಡಿ ತಿಳಿಯುವಂತಿರಲಿಲ್ಲ. ಅವಳು ಅರ್ಧ ಗಂಟೆ ಹಲ್ಲು ಕಚ್ಚಿ ಕೂತು ಹಿಂಡಿದ್ದು ಅಷ್ಟೇ. ಚೆಲ್ಲಲಾರೆ, ಹಿಂದೆ ಹೋಗಲಾರೆ. ಹುರುಪೆಯನ್ನು ಅಂಗಿಯ ತುದಿಯಿಂದ ಒರೆಸಿದೆ.

ಆಸ್ಪತ್ರೆಯಲ್ಲಿ ನರ್ಸ್ ಸಿರಿಂಜಿಗೆ ಹಾಲೆಳೆದು ನಳಿಕೆಗೆ ಸಿಕ್ಕಿಸಿದರು. ಗಾಜಿನ ಈಚೆ ನಾನು ನೋಡುತ್ತ ನಿಂತೆ. ಹಾಲು ಕೆಳಗಿಳಿಯಲೆಂದು ಅವರು ಸಿರಿಂಜನ್ನು ಮೇಲೆತ್ತಿದಾಗ ಗಾಜಿಗೆ ಬಡಿದೆ.

"ಎಂತ ಆಯ್ತು?" ಬಾಗಿಲು ತೆರೆದು ಕೇಳಿದರು.

"ಅದು ಮೀನಿನ ಐಸಲ್ಲಿ ತಂದದ್ದು ಸಿಸ್ಟರ್. ಕೊಡ್ಬೇಡಿ."

"ಇಷ್ಟು ಹೊತ್ತು ಎಂತಕ್ಕೆ ಸುಮ್ಮನಿದ್ರಿ?"

ಅವರು ಹಾಲನ್ನು ಸಿಂಕಿಗೆ ಸುರಿದರು. "ಅಮ್ಮನನ್ನೇ ಕರ್ಕೊಂಡು ಬನ್ನಿ, ಇಲ್ಲೇ ಹಿಂಡ್ಲಿ. ಅಷ್ಟರವರೆಗೆ ಡ್ರಿಪ್ ಉಂಟು."

ಮಧ್ಯಾಹ್ನದ ಫೆರಿಯಲ್ಲಿ ಅವಳು ಹೊಟ್ಟೆ ಹಿಡಿದುಕೊಂಡೇ ಬಂದಳು. "ಬೆಳಗ್ಗಿನದ್ದು ಕುಡಿದನಾ?" ಎಂದಳು. ಚೆಲ್ಲಿದರು ಎಂದೆ. ಹುರುಪೆಯ ಸಂಗತಿ ಇವತ್ತಿಗೂ ಹೇಳಿಲ್ಲ.

ಮಗನಿಗೀಗ ನಾಲ್ಕು ವರ್ಷ. ಅಜ್ಜ ಮುಳ್ಳು ಬಿಡಿಸಿಕೊಟ್ಟ ಬಂಗುಡೆ ತಿನ್ನುತ್ತಾನೆ. ಉಂಡು ಮಲಗಿದವನ ಹೊಟ್ಟೆ ಮೆತ್ತಗಿದೆಯೇ ಎಂದು ಮುಟ್ಟಿ ನೋಡುತ್ತೇನೆ. ಆಗೆಲ್ಲ ಮನಸ್ಸಿನಲ್ಲಿ ಆ ಗಾಜಿನ ಈಚೆಯೇ ನಿಂತಿರುತ್ತೇನೆ. ಸಿರಿಂಜು ಹಿಡಿದ ನರ್ಸ್ ಕೈ ಮೇಲಿರುತ್ತದೆ, ನಾನಿನ್ನೂ ಬಡಿದಿರುವುದಿಲ್ಲ.